ನನ್ನ ಹೆಸರಿನ ನಂಬರು

ಮೆಸೇಜು ಬಂದಾಗ ನಾನು ಜೋಳ ಬೀಸುತ್ತಿದ್ದೆ. ಗಿರಣಿ ಓಡುವಾಗ ಫೋನು ಕೂಗಿದರೆ ಕೇಳಿಸುವುದಿಲ್ಲ, ಅದಕ್ಕೇ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತೇನೆ, ನಡುಗಿದರೆ ಗೊತ್ತಾಗುತ್ತದೆ. ಕೈಯ ಹಿಟ್ಟು ಒರೆಸಿಕೊಂಡು ಓದಿದೆ. ‘ಪ್ರಿಯ ಗ್ರಾಹಕರೇ’ ಅಂತ ಶುರು. ಈ ಫೋನ್ ಕಂಪನಿಯವರು ಪ್ರಿಯ ಅಂದರೆಂದರೆ ಏನೋ ಕಿತ್ತುಕೊಳ್ಳುವವರಿದ್ದಾರೆ ಎಂದೇ ಲೆಕ್ಕ. ಮುಂದಿನ ತಿಂಗಳಿಂದ ನನ್ನ ಬಿಲ್ಲು ಮುನ್ನೂರಾ ತೊಂಬತ್ತೊಂಬತ್ತಲ್ಲವಂತೆ, ನಾನೂರಾ ತೊಂಬತ್ತೊಂಬತ್ತಂತೆ. ನೂರು ರೂಪಾಯಿ ರಿಯಾಯಿತಿ ಇನ್ನು ಮೇಲೆ ಆಟೋಪೇ ಮಾಡಿಸಿದವರಿಗೆ ಮಾತ್ರ, ಅದೂ ಬ್ಯಾಂಕ್ ಖಾತೆಯಿಂದ ತಾನಾಗಿ ರೊಕ್ಕ ಹೋಗುವ ಹಾಗೆ ಮಾಡಿಸಿದವರಿಗೆ. ಕೌಂಟರಿನಲ್ಲಿ ನಗದು ಕಟ್ಟಿದರೆ ಇಲ್ಲ, ಕಾರ್ಡಿಗೆ ಇಲ್ಲ, ಸ್ಕ್ಯಾನ್ ಮಾಡಿದರೂ ಇಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷ! ಒಂದು ತಿಂಗಳು, ಒಂದೇ ಒಂದು ತಿಂಗಳು, ಈ ಗುರುಬಸವ್ವ ತಾರೀಖು ದಾಟಿಸಿದವಳಲ್ಲ. ಸಂಗೊಳ್ಳಿಯಿಂದ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋಗಿ, ಗಿರಣಿಯಲ್ಲಿ ದುಡಿದ ರೊಕ್ಕ ಕೊಟ್ಟು, ಪಾವತಿ ಚೀಟಿ ತಂದು ಗೋಡೆಯ ತಂತಿಗೆ ಚುಚ್ಚಿದ್ದೇನೆ. ಅಷ್ಟು ನಿಯತ್ತಿನಿಂದ ನಡೆದುಕೊಂಡದ್ದಕ್ಕೆ ಇವರು ಕೊಡುವ ಬಹುಮಾನ ಇದು.

ಈ ಫೋನು ನನಗೆ ಹರಟೆಗೆ ಅಲ್ಲ. ನಮ್ಮೂರಲ್ಲಿ ತ್ರೀಫೇಜ್ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ಆ ದೇವರಿಗೂ ಗೊತ್ತಿಲ್ಲ. ಹೊಲದ ಮನೆಗಳ ಹೆಂಗಸರು ಕಾಳಿನ ಡಬ್ಬಿ ತಲೆಯ ಮೇಲೆ ಹೊರುವ ಮೊದಲು ನನಗೆ ಫೋನು ಮಾಡುತ್ತಾರೆ. “ಕರೆಂಟ್ ಐತೇನಬೇ?” ಎನ್ನುತ್ತಾರೆ. ಐತಿ ಎಂದರೆ ಹೊರಡುತ್ತಾರೆ, ಇಲ್ಲ ಎಂದರೆ ಡಬ್ಬಿ ಇಳಿಸುತ್ತಾರೆ. ಆ ನಂಬರು ಬಂದಾದರೆ ನನ್ನ ಗಿರಣಿ ಬಂದಾದ ಹಾಗೆ.

ಮಧ್ಯಾಹ್ನ ಊಟಕ್ಕೆ ಬಂದ ನಮ್ಮ ಮನೆಯವರಿಗೆ ಹೇಳಿದೆ. ಗಂಡನ ಹೆಸರು ಬಾಯಲ್ಲಿ ಹೇಳುವ ಪದ್ಧತಿ ನನ್ನಲ್ಲಿಲ್ಲ. ತಿಳಿಯಲಿ ಅಂತ ಇಲ್ಲಿ ನಿಜಗುಣಪ್ಪ ಎಂದು ಬರೆಯುತ್ತಿದ್ದೇನೆ, ಅಷ್ಟೆ. ಕೆಟ್ಟವರಲ್ಲ. ಆದರೆ ಊಟಕ್ಕೆ ಕುಳಿತಾಗ ಊರು ಹೊತ್ತಿ ಉರಿದರೂ ತಲೆ ಎತ್ತುವವರಲ್ಲ.

“ನಮ್ಮ ಖಾತೆ ನಂಬರ್ ಕೊಟ್ಟು ಬಾ. ಇಷ್ಟಕ್ಯಾಕ ಚೀರ್ತಿ?” ಎಂದರು.

ಅದೂ ಸರಿ ಅನ್ನಿಸಿತು. ಮರುದಿನವೇ ಪಾಸ್‌ಬುಕ್ಕು ಚೀಲಕ್ಕೆ ಹಾಕಿಕೊಂಡು ಬೈಲಹೊಂಗಲಕ್ಕೆ ಹೋದೆ. ಕಂಪನಿಯ ಅಂಗಡಿಯಲ್ಲಿ ಕೂರುವವಳು ಐಶ್ವರ್ಯಾ. ಎರಡು ವರ್ಷದಿಂದ ಪ್ರತಿ ತಿಂಗಳೂ ನನ್ನ ರೊಕ್ಕ ಎಣಿಸಿಕೊಂಡ ಹುಡುಗಿ, ನಗುತ್ತಾ ಮಾತಾಡುತ್ತಾಳೆ.

“ಬರ್ರಿ ಅಕ್ಕಾರ, ಕುಂದರ್ರಿ. ನಗದಿಗೆ ರಿಯಾಯಿತಿ ಬಂದ್ ಆತ್ರಿ. ನಿಮಗಷ್ಟ ಅಲ್ಲ, ಎಲ್ಲಾರಿಗೂ ಹಂಗ.”

“ಯಾಕವ್ವಾ, ನನ್ನ ರೊಕ್ಕಕ್ಕ ಹುಳ ಹತ್ಯಾವೇನು?” ಎಂದೆ. “ನನ್ನ ಗಿರಣಿಗೆ ಬಂದವ್ರು ಚಿಲ್ಲರೆ ಕೊಡ್ತಾರ, ಫೋನಿನ್ಯಾಗ ಹಾಕ್ತಾರ, ಶಟ್ಟೆವ್ವ ಮುದುಕಿ ರೊಕ್ಕದ ಬದಲಿ ಒಂದು ಬೊಗಸಿ ಕಾಳು ಬಿಟ್ಟು ಹೋಗ್ತಾಳ. ನಾ ಎಲ್ಲಾರಿಗೂ ಒಂದ ನಮೂನಿ ಹಿಟ್ಟು ಬೀಸಿ ಕೊಡ್ತೇನಿ. ನೀ ಹಿಂಗ ಕೊಟ್ಟಿ, ನಿನಗ ನುಚ್ಚು ಅಂತ ಅಂದೇನೇನು?”

“ಖರೆ ಐತ್ರಿ ಅಕ್ಕಾರ. ಆದ್ರ ಕಂಪ್ಯೂಟರ್ ತಗೊಳಂಗಿಲ್ಲ.”

ಪಾಸ್‌ಬುಕ್ಕು ಮುಂದಿಟ್ಟೆ. ಅವಳು ಮೊದಲ ಪುಟ ನೋಡಿ, ಪರದೆ ನೋಡಿ, ಮತ್ತೆ ಪುಟ ನೋಡಿದಳು. ಅದು ನಮ್ಮಿಬ್ಬರ ಜಂಟಿ ಖಾತೆ. ಮೊದಲನೆಯ ಹೆಸರು ಅವರದು, ಎರಡನೆಯದು ನನ್ನದು. ಗಿರಣಿಯ ಗೋಡೆಗೆ ಹಚ್ಚಿದ ಸ್ಕ್ಯಾನರಿನ ರೊಕ್ಕವೂ ಅದಕ್ಕೇ ಬೀಳುತ್ತದೆ.

“ಬಿಲ್ಲಿನ ಮ್ಯಾಲಿನ ಹೆಸರು, ಖಾತೆಯ ಮೊದಲನೇ ಹೆಸರು ಎರಡೂ ಒಬ್ಬರದ ಇರಬೇಕ್ರಿ,” ಎಂದಳು. “ಒಂದು ಕೆಲಸ ಮಾಡ್ರಿ. ನಂಬರ ಯಜಮಾನ್ರ ಹೆಸರಿಗೆ ಮಾಡಿಬಿಡ್ರಿ. ಇಲ್ಲೊಂದು ಸಹಿ ಹಾಕ್ರಿ, ನಾಳೆ ಅವರನ್ನ ಕಳಸ್ರಿ. ಮುಗೀತು.”

ಸಹಿ ಹಾಕುವವಳೇ ಇದ್ದೆ. ಪೆನ್ನಿನ ತುದಿ ಕಾಗದಕ್ಕೆ ಮುಟ್ಟಿತ್ತು. ಅಷ್ಟರಲ್ಲಿ ಕಾಗದದ ಮೇಲಿನ ನನ್ನ ಹೆಸರು ಕಣ್ಣಿಗೆ ಬಿತ್ತು. ಹೊಲ ಮಾವನವರ ಹೆಸರಿನಿಂದ ನೇರ ಇವರ ಹೆಸರಿಗೆ ಬಂತು. ಮನೆಯ ಉತಾರದಲ್ಲಿರುವ ಹೆಸರು ಇವರದು. ಗಿರಣಿ ಹಾಕಲು ಮಾರಿದ್ದು ನನ್ನ ತವರಿನ ಬಂಗಾರದ ಪಾಟಲಿ ಬಳೆ, ಆದರೆ ಕರೆಂಟಿನ ಮೀಟರು ಇವರ ಹೆಸರಿಗೆ. ದಿನಾ ಬೀಸುವವಳು ನಾನು, ಖಾತೆಯಿಂದ ರೊಕ್ಕ ತೆಗೆಯಲು ಸಹಿ ಇವರದು. ಆಧಾರ್ ಕಾರ್ಡು ಬಿಟ್ಟರೆ ಈ ಲೋಕದಲ್ಲಿ ಗುರುಬಸವ್ವ ಎಂಬ ಹೆಸರಿಗೆ ಇರುವುದು ಈ ಹತ್ತು ಅಂಕಿಯ ನಂಬರು ಒಂದೇ. ಅದನ್ನೂ ನೂರು ರೂಪಾಯಿಗೆ ಬರೆದುಕೊಡು ಎನ್ನುತ್ತಿದ್ದಾರಲ್ಲ!

ಪೆನ್ನು ಕೆಳಗಿಟ್ಟೆ.

“ಒಲ್ಲೆ ತಂಗಿ. ಈ ನಂಬರ ನನ್ನ ಹೆಸರಿನ್ಯಾಗ ಇರ್ತೈತಿ. ನನ್ನ ಒಬ್ಬಾಕಿ ಹೆಸರಿನ ಖಾತೆ ತಂದ್ರ ನಡೀತೈತಿ?”

“ನಡೀತೈತ್ರಿ. ಇಪ್ಪತ್ತೈದನೇ ತಾರೀಖಿನೊಳಗ ತರ್ರಿ.”

ಅವತ್ತು ಹದಿನಾರು.

ಮನೆಗೆ ಬಂದು ಹೇಳಿದರೆ ನಮ್ಮವರು ನಕ್ಕುಬಿಟ್ಟರು. “ಹುಚ್ಚಿ ಅದಿ ನೀ. ಹೆಸರು ಯಾರದಿದ್ರ ಏನಾತು? ಫೋನು ನಿನ್ನ ಕೈಯಾಗ ಇರ್ತೈತಲ್ಲ.”

“ಹಂಗಾದ್ರ ಹೊಲ ನನ್ನ ಹೆಸರಿಗೆ ಹಚ್ರಿ. ಹೊಲ ನಿಮ್ಮ ಕೈಯಾಗ ಇರ್ತೈತಲ್ಲ.”

ಬಾಯಿಗೆ ಹೋಗುತ್ತಿದ್ದ ರೊಟ್ಟಿಯ ತುತ್ತು ಅಲ್ಲೇ ನಿಂತಿತು. ಆಮೇಲೆ ಪಲ್ಯ ಹಾಕು ಎಂದರು. ಹಾಕಿದೆ. ಆ ಮಾತು ಅಲ್ಲಿಗೆ ಮುಗಿಯಿತು ಎಂದು ಅವರು ತಿಳಿದರು.

ಬ್ಯಾಂಕಿಗೆ ಮೊದಲ ದಿನ ಹೋದಾಗ ಫೋಟೋ ಬೇಕೆಂದರು. ತೆಗೆಸಿಕೊಂಡು ಎರಡನೆಯ ದಿನ ಹೋದರೆ ಸರ್ವರ್ ಇಲ್ಲ. ಬಸ್ಸಿನ ಟಿಕೀಟಿನ ರೊಕ್ಕ ದಂಡ, ಮೇಲೆ ಗಿರಣಿಗೆ ಕೀಲಿ. ಮೂರನೆಯ ಸಲ ಖಾತೆ ತೆರೆಯುವ ಟೇಬಲ್ಲಿನ ಶಂಕರೆಪ್ಪ ನನ್ನ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಮೇಲೆ ಸರಿಸಿ ಕೇಳಿದರು: “ಜಂಟಿ ಖಾತೆ ಐತಲ್ಲರಿ ಅಕ್ಕಾರ, ಮತ್ತೊಂದು ಯಾಕ? ಯಜಮಾನ್ರನ್ನ ಕರಕೊಂಡು ಬರ್ರಿ, ಅವರ ಒಪ್ಪಿಗಿ ಇರಲಿ.”

“ಯಜಮಾನ್ರ ಒಪ್ಪಿಗಿ ಬೇಕು ಅಂತ ಎಲ್ಲಿ ಬರದೈತಿ, ತೋರಸ್ರಿ.”

“ಬರದಿಲ್ರಿ. ಆದ್ರ ಆಮ್ಯಾಲೆ ಮನಿಯಾಗ ಜಗಳ ಆಗಬಾರದು ನೋಡ್ರಿ.”

“ನಮ್ಮ ಮನಿ ಜಗಳ ನಾ ನೋಡ್ಕೋತೇನಿ. ನೀವು ಖಾತೆ ನೋಡ್ರಿ ಅಣ್ಣಾರ.”

ಹಿಂದೆ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಶಂಕರೆಪ್ಪನವರಿಗೆ ಸಿಟ್ಟು ಬಂತು. ಊಟದ ಹೊತ್ತಾಯಿತು, ನಾಳೆ ಬರ್ರಿ ಎಂದರು. ಊಟ ಮಾಡಿ ಬರ್ರಿ, ನಾನು ಇಲ್ಲೇ ಇರುತ್ತೇನೆ ಎಂದು ಎದುರಿನ ಬೆಂಚಿನ ಮೇಲೆ ಕುಳಿತೆ. ಅವರು ಊಟ ಮಾಡಿ ಬಂದರು, ನಾನಿದ್ದೆ. ಚಹಾ ಕುಡಿದು ಬಂದರು, ನಾನಿದ್ದೆ. ಸೊಂಟದ ಫೋನು ಮೇಲಿಂದ ಮೇಲೆ ನಡುಗುತ್ತಿತ್ತು. “ಕರೆಂಟ್ ಐತೇನಬೇ?” ಎಂದವರಿಗೆಲ್ಲ “ಕರೆಂಟ್ ಇರಬಹುದು, ನಾ ಇಲ್ಲ. ಬ್ಯಾಂಕಿನ್ಯಾಗ ಕುಂತೇನಿ, ಖಾತೆ ಆಗೂತನಕ ಏಳಂಗಿಲ್ಲ” ಎಂದು ಬ್ಯಾಂಕಿಗೆಲ್ಲ ಕೇಳುವ ಹಾಗೆ ಹೇಳಿದೆ. ಏಳನೆಯ ಫೋನಿಗೆ ಶಂಕರೆಪ್ಪ ಕೈ ಮುಗಿದು ಕರೆದರು.

ನಾಮಿನಿ ಯಾರು ಎಂದು ಕೇಳಿದಾಗ ನಮ್ಮವರ ಹೆಸರನ್ನೇ ಬರೆಸಿದೆ. ಸತ್ತ ಮೇಲೆ ಅವರದು, ಬದುಕಿರುವ ತನಕ ನನ್ನದು. ಪಾಸ್‌ಬುಕ್ಕು ಕೈಗೆ ಬಂದಾಗ ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಮೊದಲ ಪುಟದಲ್ಲಿ ಒಂದೇ ಹೆಸರು. ಬಸ್‌ಸ್ಟ್ಯಾಂಡಿನವರೆಗೆ ಅದನ್ನು ಚೀಲದೊಳಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ನಡೆದೆ.

ಇಪ್ಪತ್ನಾಲ್ಕಕ್ಕೆ ಮತ್ತೆ ಕಂಪನಿಯ ಅಂಗಡಿ. ಐಶ್ವರ್ಯಾ ಪಾಸ್‌ಬುಕ್ಕು ನೋಡಿ, “ಭಾಳ ಛಲೋ ಆತ್ರಿ ಅಕ್ಕಾರ!” ಎಂದಳು. ಟಕಟಕ ಒತ್ತಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. “ಒಂದ್ಸಲ ನೋಡಿ ಹೂಂ ಅನ್ರಿ, ಓಟಿಪಿ ಬರ್ತೈತಿ.”

ನೋಡು ಎಂದರೆ ನಾನು ನೋಡುವವಳು. ತೂಕದ ಮುಳ್ಳು ನೋಡಿ ನೋಡಿ ರೂಢಿಯಾದ ಕಣ್ಣು ಇದು. ಪ್ರತಿ ತಿಂಗಳು ಗರಿಷ್ಠ ಐದು ಸಾವಿರ ರೂಪಾಯಿ ಎಂದಿತ್ತು. ಕೊನೆಯ ತಾರೀಖು ಎರಡು ಸಾವಿರದ ಐವತ್ತೈದನೇ ಇಸವಿ.

“ಬಿಲ್ಲು ಎಷ್ಟು ತಂಗಿ?”

“ಮುನ್ನೂರಾ ತೊಂಬತ್ತೊಂಬತ್ರಿ.”

“ಮತ್ತ ಐದು ಸಾವಿರಕ್ಕ ಪರವಾನಗಿ ಯಾಕ?”

“ಅದು ಸುಮ್ನ ಇರ್ತೈತ್ರಿ. ಅಷ್ಟು ತಗೊಳಂಗಿಲ್ಲ.”

“ತಗೊಳಂಗಿಲ್ಲಂದ್ರ ಬರೀಬ್ಯಾಡ್ರಿ. ನಾನೂರು ಬರಿ. ಒಂದು ವರ್ಷ ಬರಿ.”

“ಬದಲಿ ಮಾಡಾಕ ಬರಂಗಿಲ್ರಿ ಅಕ್ಕಾರ. ಎಲ್ಲಾರೂ ಹಂಗ ಹೂಂ ಅಂತಾರ.”

ಫೋನಿಗೆ ಓಟಿಪಿ ಬಂತು. ಆರು ಅಂಕಿ. ಹೇಳಿದರೆ ತಿಂಗಳಿಗೆ ನೂರು ಉಳಿಯುತ್ತದೆ, ವರ್ಷಕ್ಕೆ ಸಾವಿರದ ಇನ್ನೂರು. ಒಂದು ಸಲ ಗಿರಣಿಯ ಸವೆದ ಕಲ್ಲಿಗೆ ಹೊಸದಾಗಿ ಹಲ್ಲು ಕೊರೆಸಬಹುದು. ಐಶ್ವರ್ಯಾ ಕಾಯುತ್ತಿದ್ದಳು. ನನಗೆ ಆ ಬೆಂಚು ನೆನಪಾಯಿತು, ಮೂರು ದಿನದ ಬಸ್ಸು ನೆನಪಾಯಿತು. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ಒಂದು ಖಾತೆ ನನ್ನದಾಗಿದೆ, ಅದರ ಬಾಗಿಲನ್ನು ಈ ಕಂಪನಿಗೆ ಮೂವತ್ತು ವರ್ಷ ತೆರೆದಿಡಬೇಕೇ? ನನ್ನನ್ನು ಕೇಳದೆ ಕೈ ಹಾಕುವುದಾದರೆ ಆ ಪಾಸ್‌ಬುಕ್ಕಿನ ಮೇಲೆ ನನ್ನ ಹೆಸರು ಯಾತಕ್ಕೆ?

“ಹೇಳಂಗಿಲ್ಲ,” ಎಂದೆ. “ಈ ಖಾತೆಯಾಗಿಂದ ರೊಕ್ಕ ಹೋಗೂದಾದ್ರ ನಾ ಹೂಂ ಅಂದಾಗ ಅಷ್ಟ ಹೋಗಬೇಕು.”

“ನೂರು ಜಾಸ್ತಿ ಬೀಳ್ತೈತ್ರಿ.”

“ಬೀಳಲಿ. ಇಲ್ಲಾ ಬ್ಯಾರೆ ದಾರಿ ಹೇಳು.”

ಐಶ್ವರ್ಯಾ ಹಿಂದೆ ತಿರುಗಿ ಒಳಗಿನ ಕೋಣೆಯ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. “ಬಿಲ್ಲಿನ ಪ್ಲಾನು ಬಿಟ್ಟು ರಿಚಾರ್ಜಿಗೆ ಬರ್ರಿ. ನಂಬರ ಅದ, ಹೆಸರೂ ನಿಮ್ಮದ. ನಗದು ಕೊಡ್ರಿ, ಎಂಬತ್ನಾಲ್ಕು ದಿನ ನಡೀತೈತಿ. ಸೋವಿನೂ ಬೀಳ್ತೈತಿ. ತಾರೀಖು ಮರತ್ರ ಮಾತ್ರ ಬಂದ್ ಆಗ್ತೈತ್ರಿ.”

“ಹದಿನಾಲ್ಕು ವರ್ಷ ಮರತಿಲ್ಲ, ಈಗ ಮರೀತೇನೇನು? ಮೊದಲ ಯಾಕ ಹೇಳಲಿಲ್ಲ?”

“ಬಿಲ್ಲಿನವರನ್ನ ಬಿಡಬ್ಯಾಡ್ರಿ ಅಂತ ನಮಗ ತಾಕೀತು ಮಾಡ್ಯಾರ್ರಿ.”

ಇಂಥವರಿಗೆ ಏನನ್ನಬೇಕು? ಹುಡುಗಿಗೆ ಬೈಯಲು ಮನಸ್ಸು ಬರಲಿಲ್ಲ. ಅವಳ ಕೈಗೆ ಅಲ್ಲೇ ನಗದು ಕೊಟ್ಟೆ, ಹಳೆಯ ಬಿಲ್ಲು ಚುಕ್ತಾ ಮಾಡಿದೆ, ಅರ್ಜಿಯ ಮೇಲೆ ಸಹಿ ಹಾಕಿದೆ. ಈ ಸಲ ಪೆನ್ನು ನಿಲ್ಲಲಿಲ್ಲ.

ಸಂಗೊಳ್ಳಿಗೆ ಬರುವ ಮೊದಲು ಬ್ಯಾಂಕಿಗೆ ಹೋಗಿ ನನ್ನ ಖಾತೆಯ ಸ್ಕ್ಯಾನರಿನ ಚೀಟಿ ಕೇಳಿದೆ. ಶಂಕರೆಪ್ಪ ನನ್ನನ್ನು ಕಂಡವರೇ ಏನೂ ಕೇಳದೆ ಎದ್ದರು. ಆ ಚೀಟಿಯನ್ನು ತಂದು, ಹಳೆಯದನ್ನು ಉಗುರಿನಿಂದ ಕೆರೆದು ತೆಗೆದು, ಗಿರಣಿಯ ಗೋಡೆಗೆ ಹಚ್ಚಿದೆ.

ನಾಲ್ಕನೆಯ ದಿನ ನಮ್ಮವರು ಫೋನು ಹಿಡಿದುಕೊಂಡು ಗಿರಣಿಗೆ ಬಂದರು. ಬೆಲ್ಟು ಓಡುತ್ತಿತ್ತು, ಕೂಗಿ ಹೇಳಿದರು. “ಏ, ಸ್ಕ್ಯಾನರ್ ಕೆಟ್ಟೈತೇನ ನೋಡು! ನಾಕ ದಿನ ಆತು, ನನ್ನ ಫೋನಿಗೆ ಒಂದ ರೂಪಾಯಿ ಬಂದ ಮೆಸೇಜ್ ಇಲ್ಲ.”

ನಾನು ಮೋಟಾರು ಬಂದ್ ಮಾಡಿದೆ. “ಕೆಟ್ಟಿಲ್ರಿ. ನೆಟ್ಟಗಾಗೇತಿ.”

ಅವರು ಗೋಡೆಯ ಹತ್ತಿರ ಹೋಗಿ ಚೀಟಿಯ ಕೆಳಗಿನ ಹೆಸರನ್ನು ಓದಿದರು. ಇನ್ನೊಮ್ಮೆ ಓದಿದರು. ಸಿಟ್ಟಾಗುತ್ತಾರೆ ಎಂದುಕೊಂಡು ಸೆರಗು ಬಿಗಿದು ನಿಂತಿದ್ದೆ. ಸಿಟ್ಟಾಗಲಿಲ್ಲ. ಹಿಟ್ಟಿನ ಡಬ್ಬಿಯ ಮೇಲೆ ಕುಳಿತು, ಸಣ್ಣ ದನಿಯಲ್ಲಿ ಕೇಳಿದರು.

“ಹಂಗಾದ್ರ ನನಗ ರೊಕ್ಕ ಬೇಕಾದ್ರ?”

“ಕೇಳ್ರಿ, ಕೊಡ್ತೇನಿ,” ಎಂದೆ. “ಮೂವತ್ತೊಂದು ವರ್ಷ ನಾ ಕೇಳ್ಕೋತ ಬಂದಿಲ್ಲೇನು?”