ಮಖಮಲ್ಲಿನ ಮೇಲೆ ಕಿತ್ತಳೆ

ಕಸದ ಲಾರಿ ಬೀದಿಯ ತಿರುವಿಗೆ ಬಂದ ಸದ್ದು ಕೇಳಿದಾಗ ಕೋರಾ ಇನ್ನೂ ಡಬ್ಬಗಳನ್ನು ಹೊರಗೆ ಇಟ್ಟಿರಲಿಲ್ಲ. ಅದು ಗಂಡ ವೆಸ್‌ನ ಕೆಲಸವಾಗಿತ್ತು. ಅವನ ರಬ್ಬರ್ ಚಪ್ಪಲಿಯನ್ನೇ ಮೆಟ್ಟಿಕೊಂಡು, ಎರಡೂ ಡಬ್ಬಗಳನ್ನು ಎಳೆದುಕೊಂಡು ಹೋಗಿ ರಸ್ತೆಯಂಚಿಗೆ ನಿಲ್ಲಿಸಿದಳು. ಒಂದರ ಮುಚ್ಚಳ ಕೂರುತ್ತಿರಲಿಲ್ಲ. ನಿನ್ನೆ ಅವನನ್ನು ಮಣ್ಣು ಮಾಡಿ ಬಂದವರು ಉಂಡ ಕಾಗದದ ತಟ್ಟೆಗಳು, ಬಾಡಿದ ಆರ್ಕಿಡ್ ಹಾರಗಳು, ಅನಾನಸ್ಸಿನ ಜುಟ್ಟುಗಳು. ವೆಸ್‌ನ ಗೆಳೆಯರಲ್ಲಿ ಒಬ್ಬರೂ ಕಪ್ಪು ಬಟ್ಟೆ ಹಾಕಿರಲಿಲ್ಲ. ಗಿಣಿ, ದಾಸವಾಳ, ತೆಂಗಿನಮರಗಳ ಅಂಗಿ ತೊಟ್ಟು ಗೋರಿಯ ಸುತ್ತ ನಿಂತಿದ್ದರು. ಪಾದ್ರಿಗಳು ಎರಡು ಸಲ ಕನ್ನಡಕ ಒರೆಸಿಕೊಂಡಿದ್ದರು.

ಲಾರಿ ಬಂದು ಹೋಯಿತು. ನಾಯಿ ಹಿಡಿದು ಹೊರಟಿದ್ದ ಎದುರುಮನೆಯಾತ ಕೈ ಎತ್ತಿದ. ಅವಳೂ ಎತ್ತಿದಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಬರಲಿಲ್ಲ. ಗ್ಯಾರೇಜಿನ ಮೂಲಕ ಒಳಗೆ ಬಂದಳು.

ಸ್ಟ್ಯಾಂಡಿನ ಮೇಲೆ ಚಿತ್ರ ಹಾಗೆಯೇ ಇತ್ತು. ಕಪ್ಪು ಮಖಮಲ್ಲಿನ ಮೇಲೆ ಎಣ್ಣೆಬಣ್ಣದಲ್ಲಿ ಒಂದು ಟಿಕಿ: ಮರದಲ್ಲಿ ಕಡೆದ ದ್ವೀಪದ ದೇವರ ಮುಖ, ತಟ್ಟೆಯಂಥ ಕಣ್ಣು, ಹಣೆಯ ಮೇಲೆ ಉರಿಯ ನಾಲಗೆಗಳು, ಹಿಂದೆ ಹಸಿರು ಹೊಗೆ ಉಗುಳುವ ಬೆಟ್ಟ. ಬಾಯಿ ಇರಲಿಲ್ಲ. ಬಂದರಿನ ಊರು ಸ್ಯಾನ್ ಪೀಡ್ರೊದ ಟಿಕಿ ಮಂದಿ, ಎಂದರೆ ಮನೆಯ ಗ್ಯಾರೇಜಿಗೆ ಬಿದಿರು ಹೊಡೆದು ಬಾರು ಮಾಡಿಕೊಂಡು, ಇಂಥದೇ ಮುಖದ ಲೋಟಗಳಲ್ಲಿ ರಮ್ಮು ಕುಡಿಯುವವರು, ಈ ಚಿತ್ರಕ್ಕಾಗಿ ಕಾಯುತ್ತಿದ್ದರು. ಸಾಯುವ ಹಿಂದಿನ ವಾರ ವೆಸ್ ಅದರ ಫೋಟೊ ತೆಗೆದು ಗುಂಪಿಗೆ ಕಳಿಸಿದ್ದ. ‘ಇವನಿಗೆ ಬಾಯಾರಿದೆ, ಬಾಯೇ ಬಂದಿಲ್ಲ, ತಡೀರಿ’ ಎಂದು ಕೆಳಗೆ ಬರೆದಿದ್ದ. ಆಮೇಲೆ ಒಂದು ಬೆಳಿಗ್ಗೆ ಯಾರದೋ ಮನೆಯ ಈಜುಕೊಳ ತೊಳೆಯುತ್ತಿದ್ದವನು, ಉದ್ದನೆಯ ಬಲೆ ಕೈಯಲ್ಲಿರುವಂತೆಯೇ, ಕೊಳದ ಪಕ್ಕದಲ್ಲಿ ಬಿದ್ದು ಸತ್ತುಹೋದ. ವಯಸ್ಸು ಮೂವತ್ತೆಂಟು.

ಬಾಯಿಗೆ ಕಿತ್ತಳೆ ಬಣ್ಣ ಎಂದು ಕೋರಾಗೆ ಮೊದಲೇ ಗೊತ್ತಿತ್ತು. ಟ್ಯೂಬಿನ ಮೂತಿಯಲ್ಲಿ ಗಟ್ಟಿಯಾಗಿದ್ದ ಬಣ್ಣವನ್ನು ಉಗುರಿನಿಂದ ಕಿತ್ತಳು. ಮಖಮಲ್ಲಿಗೆ ಬಣ್ಣ ಬಳಿಯುವುದಿಲ್ಲ. ಬ್ರಷ್ಷನ್ನು ಬಟ್ಟೆಗೆ ಒರೆಸಿ ಒರೆಸಿ ಒಣಗಿಸಿ, ನವಿರಿನ ತುದಿಗೆ ಮಾತ್ರ ಸೋಕಿಸಬೇಕು. ಕಪ್ಪು ಬೇಕಾದ ಕಡೆ ಮಖಮಲ್ಲನ್ನೇ ಖಾಲಿ ಬಿಡಬೇಕು. ಒಮ್ಮೆ ಬಿದ್ದ ಬಣ್ಣ ಬಿದ್ದಂತೆಯೇ, ಒರೆಸುವಂತಿಲ್ಲ, ಮೇಲೆ ಕಪ್ಪು ಹಚ್ಚಿ ಮುಚ್ಚುವಂತೆಯೂ ಇಲ್ಲ. ಅವಳು ಕೆಳತುಟಿಯಿಂದ ಶುರುಮಾಡಿದಳು. ಹಲ್ಲಿನ ಸಾಲಿಗೆ ಸಂದು ಬಿಟ್ಟಳು. ಬಾಯಿಯ ಒಂದು ಮೂಲೆಯನ್ನು ಕೊಂಚ ಮೇಲಕ್ಕೆ ಎಳೆದಳು.

ಹಿಂದೆ ಸರಿದು ನೋಡಿದಾಗ ಮುಖ ಬಾಯ್ತುಂಬ ನಗುತ್ತಿತ್ತು. ತಾನು ಏನು ಮಾಡಿದೆ ಎಂಬುದು ಅವಳಿಗೆ ಹೊಳೆದದ್ದು ಆಗಲೇ. ಗೆಳೆಯರ ಪಾಲಿಗೆ ಇದು ವೆಸ್ ಬರೆದ ಚಿತ್ರ. ವೆಸ್ ಮಣ್ಣಿನಲ್ಲಿದ್ದಾನೆ.

ಇಂಥ ಮೊದಲ ಚಿತ್ರವನ್ನು ಅವಳು ಗಂಡನ ಹುಟ್ಟುಹಬ್ಬಕ್ಕೆ ತಮಾಷೆಗೆಂದು ಬರೆದಿದ್ದಳು. ವಿಶ್ವವಿದ್ಯಾಲಯದಲ್ಲಿ ಅವಳು ಕಲಿತದ್ದು ಬೇರೆ. ಗೋಡೆಯಗಲದ ಬೂದು ಚಿತ್ರಗಳು, ಅವುಗಳ ಮುಂದೆ ಗಂಟೆಗಟ್ಟಲೆ ಮಾತು. ಆ ದಿನಗಳಲ್ಲಿ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ ಮಾಡುತ್ತ ಕಾಯಂ ಕೆಲಸಕ್ಕೆ ಕಾಯುತ್ತಿದ್ದಳು. ಹಲ್ಲು ಕಿರಿಯುವ ದೇವರುಗಳನ್ನು ಬರೆಯುತ್ತಾಳೆಂದು ಅಲ್ಲಿ ಗೊತ್ತಾದರೆ ನಗುತ್ತಿದ್ದರು. ಟಿಕಿ ಮಂದಿ ಸೇರುವ ಲೋರೆಟಾಳ ಗ್ಯಾರೇಜಿಗೆ ಮೊದಲ ಸಲ ಅದನ್ನು ಒಯ್ದಾಗ ಯಾರೋ ನೋಡಿ ವೆಸ್‌ನನ್ನು ಕೇಳಿದ್ದರು, “ನೀನೇ ಬರೆದಿದ್ದಾ?” ವೆಸ್ ಇವಳತ್ತ ನೋಡಿದ. ಇವಳು ತನ್ನ ಲೋಟದೊಳಗೆ ನೋಡಿದಳು. “ಹೌದು,” ಎಂದ ವೆಸ್. ಅಲ್ಲಿಂದ ಮುಂದೆ ಹಾಗೆಯೇ ನಡೆದುಬಂದಿತ್ತು. ಅವಳು ಬರೆಯುವಳು, ಅವನು ಮೂಲೆಯಲ್ಲಿ ಹೆಸರು ಹಾಕಿ ಕೊಂಡೊಯ್ದು ಎಲ್ಲರಿಗೂ ತೋರಿಸುವನು. ಬೂದು ಬಣ್ಣದ ಟ್ಯೂಬುಗಳನ್ನು ಅವಳು ಯಾವಾಗ ಮುಟ್ಟುವುದು ಬಿಟ್ಟಳೋ ಅವಳಿಗೇ ನೆನಪಿಲ್ಲ.

ಮಧ್ಯಾಹ್ನ ಲೋರೆಟಾ ಫೋನು ಮಾಡಿದಳು. ಎಪ್ಪತ್ತು ದಾಟಿದ ಹೆಂಗಸು, ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ದನಿ ಗಂಡಸಿನ ಹಾಗೆ ಗೊರಗೊರ.

“ತಿಂದ್ಯಾ?”

“ತಿಂದೆ.”

“ಸುಳ್ಳು. ಹೋಗ್ಲಿ ಬಿಡು. ಭಾನುವಾರ ಎಲ್ಲ ನಮ್ಮನೇಲಿ ಸೇರ್ತಿದೀವಿ ಕಣೇ. ಆ ಚಿತ್ರ ತಗೊಂಡ್ ಬಾ. ಡೊಮಿಂಗ್ ಅದಕ್ಕೆ ಚೌಕಟ್ಟು ಕೆತ್ತಿದಾನೆ. ಮಗು ಬೆನ್ನು ಸವರಿದ ಹಾಗೆ ಅದನ್ನೇ ಸವರ್ತಾ ಕೂತಿದಾನೆ.”

“ಅದಿನ್ನೂ ಮುಗಿದಿಲ್ಲ, ಲೋರೆಟಾ.”

“ಹೇಗಿದೆಯೋ ಹಾಗೇ ತಾ. ಮತ್ತೆ, ನಂದೊಂದು ಹಳೇ ಚಿತ್ರ ವೆಸ್ ತಗೊಂಡ್ ಹೋಗಿದ್ದ, ನೋಡಿ ಕಲೀಬೇಕು ಅಂತ. ಅದಕ್ಕೇನೂ ಅವಸರ ಇಲ್ಲ.”

ಫೋನು ಇಟ್ಟ ಮೇಲೆ ಕೋರಾ ಗುಂಪಿನ ಮಾತುಗಳನ್ನು ಓದಿದಳು. ಎಲ್ಲಿಯೋ ದೂರದ ಊರಿನವನೊಬ್ಬ ಬರೆದಿದ್ದ: ಬಾಯಿ ಇಲ್ಲದೆಯೇ ತೂಗುಹಾಕಿ, ವೆಸ್‌ನ ಕೈಯ ಕೆಲಸ, ಇನ್ನು ಯಾರೂ ಮುಟ್ಟಬಾರದು. ಅದರ ಕೆಳಗೆ ಸಾಲು ಸಾಲು ಹೃದಯಗಳು.

ದಾರಿ ಒಂದೇ ಇತ್ತು. ಸಾಯುವ ಹಿಂದಿನ ಸಂಜೆ ಅವನೇ ಕೂತು ಮುಗಿಸಿದ ಎನ್ನಬೇಕು. ಯಾರೂ ಎದುರಾಡುವುದಿಲ್ಲ. ಆದರೆ ಆಮೇಲೆ ಇನ್ನೊಂದು ಚಿತ್ರ ಬರುವಂತಿಲ್ಲ. ಸತ್ತವನು ಬರೆಯುವುದಿಲ್ಲ. ನಿಜ ಹೇಳಿದರೆ? ಅವನನ್ನು ಮಣ್ಣಿಗಿಟ್ಟು ವಾರವೂ ಆಗಿಲ್ಲ, ಜನ ಅವನನ್ನು ಯಾವುದಕ್ಕಾಗಿ ಹಚ್ಚಿಕೊಂಡಿದ್ದರೋ ಅದನ್ನೇ ಅವನಿಂದ ಕಿತ್ತುಕೊಂಡ ಹಾಗೆ. ಕೋರಾ ಸುಳ್ಳನ್ನು ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದಳು. ಸರಾಗವಾಗಿ ಬಂತು. ಶನಿವಾರ ಮಾತ್ರ, ಕೆಳತುಟಿ ಸ್ವಲ್ಪ ಮಂಕಾಯಿತೆನ್ನಿಸಿ, ತಡೆಯಲಾಗದೆ ಮತ್ತೊಮ್ಮೆ ಬ್ರಷ್ ಸೋಕಿಸಿದಳು.

ಭಾನುವಾರ. ಹೊರಗೆ ಮೂರು ಗಂಟೆಯ ಬಿಸಿಲು, ಲೋರೆಟಾಳ ಗ್ಯಾರೇಜಿನೊಳಗೆ ಎಂದಿನಂತೆ ಮುಸ್ಸಂಜೆ. ಕಿಟಕಿಗಳಿಗೆ ಬಿದಿರಿನ ಚಾಪೆ ಹೊಡೆದಿತ್ತು. ಸೂರಿನಿಂದ ಮೀನುಬಲೆ, ಗಾಜಿನ ಬುರುಡೆಗಳು, ಒಣಗಿಸಿ ಒಳಗೆ ಬಲ್ಬು ಇಟ್ಟ ಮುಳ್ಳುಮೀನುಗಳು ತೂಗುತ್ತಿದ್ದವು. ಬಾರಿನ ಕಟ್ಟೆಯ ಆಚೆ ಲೋರೆಟಾ ನಿಂಬೆಹಣ್ಣು ಹಿಂಡುತ್ತಿದ್ದಳು. ಈಚೆ ಎತ್ತರದ ಸ್ಟೂಲಿನ ಮೇಲೆ ಟೋಂಕೊ, ಬಂದರಿನಲ್ಲಿ ಹಡಗುಗಳನ್ನು ಎಳೆಯುವ ಟಗ್ ದೋಣಿ ನಡೆಸಿ ನಿವೃತ್ತನಾದ ಕ್ರೊಯೇಷಿಯಾದ ಮುದುಕ. ಅವನ ಪಕ್ಕದಲ್ಲಿ ಡೊಮಿಂಗ್. ಮರದ ಟಿಕಿಗಳನ್ನು ಕೆತ್ತುವ ಇವನನ್ನು ಬಂದವರೆಲ್ಲ ಹವಾಯಿಯವನೆಂದೇ ತಿಳಿಯುತ್ತಿದ್ದರು. ತಾನು ಫಿಲಿಪಿನೊ ಎಂದು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು.

“ನಿನ್ನೆ ಒಬ್ಬ ಹೆಂಗಸು ಬಂದಿದ್ಲು,” ಎನ್ನುತ್ತಿದ್ದ. “ಈ ದೇವರನ್ನ ನಿಮ್ಮಜ್ಜಿ ಪೂಜೆ ಮಾಡ್ತಿದ್ರಾ ಅಂತ ಕೇಳಿದ್ಲು. ನಮ್ಮಜ್ಜಿ ಇದನ್ನ ನೋಡಿದ್ರೆ ಶಿಲುಬೆ ತಗೊಂಡ್ ಹೊಡೀತಿದ್ಲು ಅಂದೆ.”

“ಮತ್ತೆ ತಗೊಂಡ್ಲಾ?” ಎಂದ ಟೋಂಕೊ.

“ಎರಡು ತಗೊಂಡ್ಲು.”

ಕೋರಾ ಒಳಗೆ ಬಂದಾಗ ಮಾತು ನಿಂತಿತು. ಟೋಂಕೊ ಸ್ಟೂಲಿನಿಂದ ಇಳಿದು ಅವಳ ತಲೆಯ ಮೇಲೆ ಕೈ ಇಟ್ಟ. ಅವಳು ಚಿತ್ರವನ್ನು ಕಟ್ಟೆಯ ಮೇಲೆ ಒರಗಿಸಿ ಹೊದೆಸಿದ್ದ ಬಟ್ಟೆ ತೆಗೆದಳು.

ಮೂವರೂ ನೋಡಿದರು.

“ಬಾಯಿ ಬಂದಿದೆಯಲ್ಲ,” ಎಂದ ಟೋಂಕೊ.

“ಹೋಗೋ ಹಿಂದಿನ ಸಂಜೆ ಕೂತು ಮುಗಿಸ್ದ,” ಎಂದಳು ಕೋರಾ. ಕನ್ನಡಿಯ ಮುಂದೆ ಬಂದಷ್ಟೇ ಸರಾಗವಾಗಿ ಬಂತು. “ಇದೇ ಕೊನೇದು.”

ಡೊಮಿಂಗ್ ಚೌಕಟ್ಟಿಗೆ ಕೂರಿಸಿ ನೋಡಲೆಂದು ಚಿತ್ರವನ್ನು ಎತ್ತಿದವನು ಥಟ್ಟನೆ ಕೈ ಸರಿಸಿದ. ಅವನ ಹೆಬ್ಬೆರಳಿನ ತುದಿಯಲ್ಲಿ ಕಿತ್ತಳೆ ಬಣ್ಣವಿತ್ತು. ಅದನ್ನೊಮ್ಮೆ ನೋಡಿದ. ಆಮೇಲೆ ಕೈಯನ್ನು ಜೇಬಿನೊಳಗೆ ಇಳಿಸಿಕೊಂಡ.

“ಸಮುದ್ರದ ಗಾಳಿ,” ಎಂದ. “ಈ ಊರಲ್ಲಿ ಏನೂ ಬೇಗ ಒಣಗಲ್ಲ.”

ಕೋರಾಳ ಕಿವಿ ಬಿಸಿಯಾಯಿತು. ಲೋರೆಟಾ ಚಾಕುವನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು.

“ಸಾಕು ಸುಮ್ನಿರೋ ಡೊಮಿಂಗ್. ಏನೇ ಕೋರಾ, ಕೊನೇದು ಯಾಕೆ? ನಿನ್ನ ಕೈಗೇನಾಗಿದೆ?”

ಹಿಂದಿನ ಮೂಲೆಯಲ್ಲಿ ಐಸಿನ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಕೋರಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

“ಯಾವಾಗಿಂದ ಗೊತ್ತು?”

ಟೋಂಕೊ ಬಾರಿನ ನೆತ್ತಿಯ ಕಡೆ ಬೆರಳು ತೋರಿಸಿದ. ಅಲ್ಲಿ ಹಳೆಯ ಹಡಗಿನ ಎರಡು ದೀಪಗಳು, ಒಂದು ಕೆಂಪು, ಒಂದು ಹಸಿರು. “ಇವನ್ನ ಹಾಕಿದ್ದು ವೆಸ್. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಕಣಪ್ಪಾ ಅಂತ ಹೇಳಿ ನಾನು ಒಳಗೆ ಹೋದೆ. ಬಂದು ನೋಡಿದ್ರೆ ಅದಲು ಬದಲು. ತಮಾಷೆ ಮಾಡ್ತಿದಾನೆ ಅಂದ್ಕೊಂಡೆ. ಸರಿಯಾಗೇ ಇದೆಯಲ್ಲ ಅಂದ. ಏಣಿ ಮೇಲೆ ನಿಂತು, ನನ್ನ ಕಣ್ಣಲ್ಲಿ ಕಣ್ಣಿಟ್ಟು. ಅವನಿಗೆ ಎರಡೂ ಒಂದೇ ಥರ ಕಾಣ್ತಿತ್ತು ಕಣಮ್ಮ. ಕೆಂಪು ಹಸಿರು ಗೊತ್ತಾಗದವರನ್ನ ನಮ್ಮ ದೋಣಿ ಕೆಲಸಕ್ಕೆ ಹತ್ತಿಸಲ್ಲ, ಎಷ್ಟು ಜನರನ್ನ ವಾಪಸ್ ಕಳಿಸಿದೀನಿ. ಅಂಥವನು,” ಎಂದು ಚಿತ್ರದ ಬೆಟ್ಟದತ್ತ ತಿರುಗಿದ, “ಈ ಹಸಿರು ತರ್ತಾನಾ?”

“ನಂಗೆ ಅದೆಲ್ಲ ಗೊತ್ತಿಲ್ಲ,” ಎಂದ ಡೊಮಿಂಗ್. “ಅವನ ಕೈ ಬರೀ ಕ್ಲೋರಿನ್ ವಾಸನೆ. ಬಣ್ಣ ಇರ್ತಿದ್ದಿದ್ದು ನಿನ್ನ ಉಗುರಲ್ಲಿ.”

“ಯಾರೂ ಹೇಳ್ಲೇ ಇಲ್ಲ.”

“ಹೇಳಿದ್ರೆ ನೀನು ಬರೆಯೋದು ಬಿಡ್ತಿದ್ದೆ,” ಎಂದಳು ಲೋರೆಟಾ. “ಆಮೇಲೆ ಅವನು ಕತೆ ಹೇಳ್ತಿದ್ನಲ್ಲ, ಒಂದೊಂದು ಚಿತ್ರದ ಮುಂದೂ ನಿಂತ್ಕೊಂಡು. ಈ ದೇವರಿಗೆ ಹಲ್ಲುನೋವು, ಅದಕ್ಕೇ ಬೆಟ್ಟ ಉರೀತಿದೆ. ಆ ದೇವರು ಹೆಂಡ್ತಿ ಹತ್ರ ಬೈಸ್ಕೊಂಡು ನೀರೊಳಗೆ ಅಡಗಿದಾನೆ. ನನ್ನ ಗಂಡ ಸತ್ತ ಮೇಲೆ ನಾನು ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ಆ ಹಲ್ಲುನೋವಿನ ಕತೇಗೇ. ಅದನ್ನ ನೀನು ಹೇಳಿಕೊಡ್ತಿದ್ಯಾ?”

“ಇಲ್ಲ,” ಎಂದಳು ಕೋರಾ. “ಕಾರಲ್ಲಿ ಬರೋವಾಗ ಕೇಳಿದ್ರೂ ನಂಗೆ ಹೇಳ್ತಿರ್ಲಿಲ್ಲ. ನಾನೂ ಇಲ್ಲೇ ಕೇಳ್ತಿದ್ದೆ.”

“ನೋಡು ಮತ್ತೆ. ನಾವು ಸೇರ್ತಿದ್ದಿದ್ದು ಎರಡಕ್ಕೂ, ಚಿತ್ರಕ್ಕೂ ಕತೆಗೂ.”

ಕೋರಾ ಸ್ಟೂಲಿನ ಮೇಲೆ ಕೂತಳು. ಇಷ್ಟು ದಿನ ಭುಜಗಳನ್ನು ಕಿವಿಯವರೆಗೆ ಎತ್ತಿ ಹಿಡಿದಿದ್ದಳೆಂಬುದು ಅವು ಇಳಿದಾಗ ತಿಳಿಯಿತು. ಡೊಮಿಂಗ್‌ನ ಹೆಂಡತಿ ಸುರುಳಿ ಸುತ್ತಿ ಕರಿದು ಕಳಿಸಿದ್ದ ಲುಂಪಿಯಾ ತಟ್ಟೆಯಲ್ಲಿತ್ತು. ಒಂದನ್ನು ಬಾಯಿಗಿಟ್ಟಳು. ಒಳಗಿನ ಹಂದಿಮಾಂಸ ಇನ್ನೂ ಬೆಚ್ಚಗಿತ್ತು. ಇನ್ನೊಂದನ್ನು ತೆಗೆದುಕೊಂಡಳು. ಲೋರೆಟಾ ತಟ್ಟೆಯನ್ನೇ ಅವಳ ಮುಂದೆ ತಳ್ಳಿದಳು.

“ಇವನ ಕತೆ ಯಾರು ಹೇಳ್ತಾರೆ ಈಗ?” ಎಂದ ಡೊಮಿಂಗ್, ಚಿತ್ರವನ್ನು ಹುಷಾರಾಗಿ ಅಂಚಿನಲ್ಲಿ ಹಿಡಿದು.

ಟೋಂಕೊ ಗಂಟಲು ಸರಿಮಾಡಿಕೊಂಡ. “ಇವನು… ಇವನೊಬ್ಬ ದೋಣಿಯವನು. ಒಂದು ದಿನ ಮಂಜು ಕವಿದಿತ್ತು. ಪಶ್ಚಿಮದಿಂದ ಗಾಳಿ. ಗಾಳಿ ಅಂದ್ರೆ ಅಂಥಾ ಗಾಳಿಯೇನಲ್ಲ…”

“ಕೂತ್ಕೊ ಟೋಂಕೊ,” ಎಂದಳು ಲೋರೆಟಾ.

“ಇನ್ನೂ ಶುರುನೇ ಆಗಿಲ್ವಲ್ಲೇ.”

“ಅದಕ್ಕೇ ಹೇಳಿದ್ದು.”

ಕೋರಾ ನಕ್ಕಳು. ನಗು ಅರ್ಧಕ್ಕೆ ಬೇರೇನೋ ಆಗಿ, ಕಣ್ಣಿನಿಂದ ಸುರಿಯತೊಡಗಿತು. ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ. ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಲೋರೆಟಾ ಮತ್ತೊಂದು ನಿಂಬೆಹಣ್ಣು ಕೊಯ್ದಳು.

ಸ್ವಲ್ಪ ಹೊತ್ತಾದ ಮೇಲೆ ಕೋರಾ ಎದ್ದು ಅರ್ಧ ಇಳಿಸಿದ್ದ ಗ್ಯಾರೇಜಿನ ಬಾಗಿಲಿನಡಿ ನುಸುಳಿ ಬಿಸಿಲಿಗೆ ಹೋದಳು. ಕಾರಿನ ಹಿಂದಿನ ಸೀಟಿನಲ್ಲಿ, ಹಾಸಿಗೆಯ ಹೊದಿಕೆಯಲ್ಲಿ ಸುತ್ತಿದ್ದ ಲೋರೆಟಾಳ ಹಳೆಯ ಚಿತ್ರವಿತ್ತು. ಕತ್ತಲೆಯ ದಡ, ಒಂದು ದೋಣಿ, ಮುರಿಯುವ ಅಲೆ. ಮುಚ್ಚಿಹೋದ ಯಾವುದೋ ಮೋಟೆಲ್ಲಿನ ಗೋಡೆಯಿಂದ ಲೋರೆಟಾಳ ಗಂಡ ಇಳಿಸಿ ತಂದದ್ದು. ಬರುವಾಗ ಅದನ್ನು ಒಳಗೆ ಒಯ್ಯಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಕೊಟ್ಟುಬಿಟ್ಟರೆ ಎಲ್ಲ ಮುಗಿದಂತೆ ಎನ್ನಿಸಿತ್ತು. ಈಗ ಎರಡೂ ಕೈಯಲ್ಲಿ ಹಿಡಿದು ತಂದಳು.

“ಅವಸರ ಇಲ್ಲ ಅಂದಿದ್ನಲ್ಲೇ,” ಎಂದಳು ಲೋರೆಟಾ.

“ನನ್ನ ಕೆಲಸ ಆಯ್ತು. ಇದನ್ನ ಬರೆದವನು ಆ ಅಲೆ ಹೇಗೆ ಮಾಡಿದಾನೆ ಅಂತ ನೋಡ್ಬೇಕಿತ್ತು. ನಾನೇ ವೆಸ್‌ಗೆ ಹೇಳಿ ತರಿಸ್ಕೊಂಡಿದ್ದೆ.”

“ಗೊತ್ತಾಯ್ತಾ?”

“ನೊರೆಗೆ ಬಿಳಿ ಹಾಕೇ ಇಲ್ಲ. ನೋಡಿ ಇಲ್ಲಿ. ಗುಲಾಬಿ. ಪಕ್ಕದಲ್ಲಿ ಆ ನೀಲಿ ಇರೋದ್ರಿಂದ ನಮಗೆ ಬಿಳಿ ಅನ್ಸುತ್ತೆ.”

ಲೋರೆಟಾ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. “ನಲವತ್ತು ವರ್ಷದಿಂದ ಇದರ ಧೂಳು ಒರೆಸ್ತಿದೀನಿ,” ಎಂದಳು.

ಬಾರಿನ ಪಕ್ಕದ ಚಾಪೆಯ ಗೋಡೆ ಹೊಗೆ ಹಿಡಿದು ಕಂದಾಗಿತ್ತು. ಲೋರೆಟಾಳ ಈ ಚಿತ್ರ ಮೊದಲಿದ್ದ ಜಾಗ ಮಾತ್ರ ಹೊಸ ಬಿದಿರಿನ ಬಣ್ಣದಲ್ಲಿ ಚೌಕವಾಗಿ ಉಳಿದಿತ್ತು. ಕೋರಾ ಸ್ಟೂಲು ಹತ್ತಿ ಚಿತ್ರವನ್ನು ಅಲ್ಲಿಗೆ ಎತ್ತಿ ಹಿಡಿದಳು. ಹಿಂದಿನ ತಂತಿಗೆ ಮೊಳೆ ಸಿಗಲಿಲ್ಲ. ಅವಳ ಕೆನ್ನೆ ಚೌಕಟ್ಟಿಗೆ ತಾಗಿತ್ತು.

“ಎಡಕ್ಕೆ,” ಎಂದ ಟೋಂಕೊ ಕೆಳಗಿನಿಂದ. “ಇನ್ನೂ ಎಡಕ್ಕೆ. ಸ್ವಲ್ಪ ಇಳಿಸು.”

ತಂತಿ ಎಲ್ಲೋ ಸಿಕ್ಕಿಕೊಂಡಿತು. ಕೋರಾ ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದನ್ನೂ ಬಿಟ್ಟು, ಅಂಗೈಗಳನ್ನು ಚಿತ್ರದ ಕೆಳಗೆ ಒಂದು ಗೇಣು ದೂರದಲ್ಲಿ ಚಾಚಿಕೊಂಡು ಕಾದಳು. ಚಿತ್ರ ನಿಂತಿತು.