ಮಾದಲಿಗೆ ಬಂದದ್ದು

ಪ್ರಭುವಿನ ಸಮಾಧಿಯನ್ನು ಮತ್ತೆ ಏನೋ ತೋಡಿದೆ ಎಂಬ ಸುದ್ದಿಯನ್ನು ಮಲ್ಲು ಮನೆಗೆ ತಂದಾಗ ಮಹಾನಂದಾ ಮಗ್ಗದ ಕೋಣೆ ಗುಡಿಸುತ್ತಿದ್ದಳು. ಮೈದುನ ಸುದ್ದಿ ಹೇಳಿ ಮುಗಿಸಿದರೂ ಅವಳತ್ತ ನೋಡಲಿಲ್ಲ. ಅತ್ತೆ ಶೇಖವ್ವ ನೋಡಿದಳು.

"ಗಂಡ ಸತ್ತು ಐದು ತಿಂಗಳಾತು, ಒಂದು ಹನಿ ಕಣ್ಣೀರು ಹಾಕಿಲ್ಲ ಈಕಿ. ಅಂವರೆ ಹೆಂಗ ಸುಮ್ಮ ಕುಂತಾನು?"

ಮಹಾನಂದಾ ಕಸವನ್ನು ಮೂಲೆಗೆ ಒತ್ತಿದಳು. ಅತ್ತೆ ಹೇಳಿದ್ದು ಸುಳ್ಳಲ್ಲ. ಕುಪ್ಪಸದ ಖಣ ನೇಯುತ್ತಿದ್ದ ಪ್ರಭು ಎದೆ ಹಿಡಿದುಕೊಂಡು ಮಗ್ಗದ ಮೇಲೆ ವಾಲಿದ ಮಧ್ಯಾಹ್ನದಿಂದ ಅವಳೊಳಗೆ ಏನೂ ಅಲುಗಾಡಿರಲಿಲ್ಲ. ಹೆಣದ ಮುಂದೆ ಓಣಿಯ ಹೆಂಗಸರು ಅವಳ ಭುಜ ಹಿಡಿದು ಅಲುಗಿಸಿದ್ದರು. ಅಳಲಿ ಎಂದು ಒಬ್ಬಾಕೆ ಚಿವುಟಿಯೂ ನೋಡಿದ್ದಳು. ಜೀವಮಾನವಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವನನ್ನು ಅವರ ಪದ್ಧತಿಯಂತೆ ಮಣ್ಣಿನಲ್ಲೂ ಕುಳ್ಳಿರಿಸಿಯೇ ಮುಚ್ಚಿದರು. ಆಗಲೂ ಅವಳು ನೋಡುತ್ತ ನಿಂತಿದ್ದಳು.

ಮಧ್ಯಾಹ್ನ ಓಣಿಯ ಹಿರಿಯ ಪಾಂಡಪ್ಪ ಬಂದು ಕಟ್ಟೆಯ ಮೇಲೆ ಕುಳಿತ. ನೀರು ಕುಡಿದು, ಚರಿಗೆ ಕೆಳಗಿಟ್ಟು ಹೇಳಿದ:

"ಮಣ್ಣು ಅವನ್ನ ಒಲ್ಲೆ ಅನ್ನಾಕತ್ತೈತಿ. ನಾಳೆ ಮುಂಜಾನೆ ತಗದು ಸುಟ್ಟುಬಿಡೂಣು. ಬ್ಯಾರೆ ದಾರಿ ಇಲ್ಲ."

"ತಗದು?" ಎಂದಳು ಮಹಾನಂದಾ.

"ತಗದ. ನಿನ್ನ ಕೇಳಾಕ ಬಂದಿಲ್ಲವಾ ತಂಗಿ, ಹೇಳಾಕ ಬಂದೇನಿ."

ಧಾರವಾಡದಲ್ಲಿ ಅವಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದಳು. ಐದು ತಿಂಗಳಲ್ಲಿ ಮಣ್ಣು ಒಂದು ದೇಹಕ್ಕೆ ಏನೇನು ಮಾಡುತ್ತದೆಂದು ಬಲ್ಲಳು. ಪ್ರಭು ದಿನಕ್ಕೆರಡು ಸಲ ತಲೆ ಬಾಚುತ್ತಿದ್ದ ಮನುಷ್ಯ. ಅಂಥವನನ್ನು ಈಗ ಇವರೆಲ್ಲ ನೋಡಬಾರದು. ಹಾರೆ ಹಿಡಿದ ಮಲ್ಲು ನೋಡಬಾರದು, ಪಾಂಡಪ್ಪ ನೋಡಬಾರದು, ಹೆತ್ತವಳೂ ನೋಡಬಾರದು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಇಳಿಹೊತ್ತಿನಲ್ಲಿ ಒಬ್ಬಳೇ ಹೋದಳು. ಸುಡುಗಾಡು ಊರಾಚೆ, ಕೆಂಪು ಗುಡ್ಡದ ಬುಡದಲ್ಲಿ. ಮಲ್ಲು ತೂತಿನ ಮೇಲೆ ಕಲ್ಲು ಚಪ್ಪಡಿ ಎಳೆದು ಹೋಗಿದ್ದ, ಅಣ್ಣ ಎದ್ದು ಬಂದಾನೆಂಬಂತೆ. ಸುತ್ತ ಹಿಂದಕ್ಕೆ ಚಿಮ್ಮಿದ ಮಣ್ಣು. ಗಟ್ಟಿ ಮಣ್ಣಿನಲ್ಲಿ ಉದ್ದುದ್ದ ಉಗುರಿನ ಗೀರು. ಹೆಜ್ಜೆಗಳ ನಡುವೆ ಬಾಲ ಎಳೆದುಕೊಂಡು ಹೋದ ಗೆರೆ. ಒಡೆದ ಇರುವೆಗೂಡಿನ ಬಿಳಿ ತತ್ತಿಗಳು ಅಲ್ಲಲ್ಲಿ ಚೆಲ್ಲಿದ್ದವು. ಮಂಡಿಯೂರಿ ಮಣ್ಣು ಬೆರಳಲ್ಲಿ ತಿಕ್ಕಿದಾಗ ತರಿತರಿಯಾಗಿ ಮತ್ತೇನೋ ಸಿಕ್ಕಿತು. ಮೂಸಿದಳು. ಗೋಧಿ, ಬೆಲ್ಲ, ಏಲಕ್ಕಿ.

ಮಾದಲಿ. ಅಮಾವಾಸ್ಯೆಗೊಮ್ಮೆ ಶೇಖವ್ವ ಮಗನಿಗೆಂದು ತಾಟು ತುಂಬ ತಂದು ಸುರಿದು ಹೋಗುತ್ತಿದ್ದ ಮಾದಲಿ. ಓಣಿಯ ಉಳಿದವರು ಸಮಾಧಿಗೆ ಎಡೆ ತೋರಿಸಿ ಮನೆಗೆ ಒಯ್ದು ತಿನ್ನುತ್ತಿದ್ದರು. ಶೇಖವ್ವ ಒಂದು ಕಾಳೂ ವಾಪಸು ಒಯ್ಯುತ್ತಿರಲಿಲ್ಲ. ಅದಕ್ಕೆ ಇರುವೆ ಕೂಡಿದ್ದವು. ಇರುವೆಗೆ ಅದು ಬಂದಿತ್ತು.

ಮನೆಗೆ ಬಂದು ಹೇಳಿದಳು: "ಅದು ಚಿಪ್ಪುಹಂದಿ. ಇರಿವಿ ತಿನ್ನಾಕ ಬರತದ. ಹೆಣ ಮುಟ್ಟೂದಿಲ್ಲ, ಅದಕ್ಕ ಹಲ್ಲ ಇಲ್ಲ."

"ಹಲ್ಲಿಲ್ಲದ ಹಂದಿ!" ಮಲ್ಲು ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ನಕ್ಕ.

"ಹಂದಿ ಅಲ್ಲ. ಮೈತುಂಬ ಮೀನಿನ್ಹಂಗ ಚಿಪ್ಪು, ಆದ್ರ ಮರಿಗೆ ಮೊಲಿ ಕುಡಸ್ತದ. ನಾಲಿಗಿ ಮೊಳದುದ್ದ. ಮರಿ ತಾಯಿ ಬಾಲದ ಮ್ಯಾಲ ಕುಂತು ತಿರಗತದ. ಹೆದರಿತಂದ್ರ ಚೆಂಡಿನಂಗ ಸುತಗೋತದ."

"ಮತ್ತ ಹಾರೂದಿಲ್ಲೇನ್ ವೈನಿ? ಖಣ ನೇಯೂದಿಲ್ಲೇನು?"

"ಇಂಥಾ ಸುಳ್ಳ ಕಲ್ಯಾಕ ನಿಮ್ಮಪ್ಪ ಧಾರವಾಡಕ್ಕ ಕಳಿಸಿದ್ದನ?" ಎಂದಳು ಶೇಖವ್ವ. "ಸತ್ತ ಗಂಡನ ಮ್ಯಾಲ ಹಂದಿ ಹತ್ತೇತಿ ಅಂತಾಳ, ನಾಚಿಕಿಲ್ಲದಾಕಿ."

ಮಾದಲಿಯ ಮಾತನ್ನು ಮಹಾನಂದಾ ಆಡಲಿಲ್ಲ. ಕರುಣೆಯಿಂದಲ್ಲ. ಅದರ ಅಗತ್ಯ ಇನ್ನೂ ಬಿದ್ದಿರಲಿಲ್ಲ, ಅಷ್ಟೆ.

ಬೆಳಿಗ್ಗೆ ಬಿಸಿಲು ಗುಡ್ಡದ ನೆತ್ತಿ ಮುಟ್ಟುವಾಗ ಹಾರೆ, ಸಲಿಕೆ, ಸೀಮೆಎಣ್ಣೆ ಎಲ್ಲ ಬಂದಿದ್ದವು. ಓಣಿಯ ನಾಲ್ಕಾರು ಗಂಡಸರ ಜೊತೆ ಶೇಖವ್ವನೂ ಬಂದಿದ್ದಳು. ಚಪ್ಪಡಿ ಇದ್ದಲ್ಲೇ ಇತ್ತು. ಅದರ ಮಗ್ಗುಲಲ್ಲಿ ಹೊಸ ತೂತು, ಮಣ್ಣು ಇನ್ನೂ ಹಸಿ.

"ನೋಡ್ರಿ, ಕಲ್ಲಿಗೂ ಬಗ್ಗವಲ್ಲ ಅಂವ," ಎಂದ ಪಾಂಡಪ್ಪ. "ಹೂಂ, ಹಾಕಲೇ ಮಲ್ಲ್ಯಾ."

ಮಹಾನಂದಾ ಅಡ್ಡ ನಿಂತಳು. ಮಲ್ಲು ಅವಳನ್ನು ಭುಜದಿಂದ ಸರಿಸಿ ಹಾರೆ ಎತ್ತಿ ಹಾಕಿದ. ಮೊದಲ ಏಟಿಗೆ ಮಣ್ಣು ಕುಸಿಯಿತು. ಎರಡನೆಯದು ಖಣ್ ಎಂದಿತು. ನೆಲದೊಳಗಿಂದ ಬುಸ್ ಎಂಬ ಉಸಿರು ಬಂತು. ಮಲ್ಲು ಹಾರೆ ಬಿಟ್ಟು ಹಿಂದಕ್ಕೆ ಜಿಗಿದ. ಎಲ್ಲರಿಗಿಂತ ದೂರ ಹೋಗಿ ನಿಂತವನು ಪಾಂಡಪ್ಪ.

ಮಣ್ಣು ಕೊಡವಿಕೊಂಡು ಬಂದದ್ದು ಯಾರೋ ಹರಕೆ ಹೊತ್ತು ಹೆಂಚು ಹೊದ್ದಂತಿತ್ತು. ಸಣ್ಣ ತಲೆ, ಗುಂಡುಪಿನ್ನಿನಂಥ ಕಣ್ಣು, ತಲೆಗಿಂತ ಅಗಲವಾದ ಬಾಲ. ಹಿಂಗಾಲ ಮೇಲೆ ಎದ್ದು ನಿಂತು, ಮುಂಗೈ ಎರಡನ್ನೂ ಎದೆಗೆ ಹಿಡಿದು, ತಪ್ಪು ಒಪ್ಪಿಕೊಳ್ಳಲು ಬಂದ ಮುದುಕನ ಹಾಗೆ ಗಾಳಿ ಮೂಸಿತು. ಯಾರೋ ಕಲ್ಲು ಒಗೆದರು. ತಲೆ ಹೊಟ್ಟೆಗೆ ಹೋಯಿತು, ಬಾಲ ಮೇಲೆ ಬಂತು. ಸಮಾಧಿಯ ಮೇಲೆ ಬರೀ ಒಂದು ಚಿಪ್ಪಿನ ಚೆಂಡು ಉಳಿಯಿತು.

"ಚೀಲ ತರ್ರಿಲೇ," ಮಲ್ಲುವಿಗೆ ಧೈರ್ಯ ಬಂತು. "ಚಿಪ್ಪಿಗೆ ಗಿರಾಕಿ ಇರ್ತಾರಂತ ಕೇಳೇನಿ."

"ಕೈ ಹಚ್ಚಿ ನೋಡು. ಫಾರೆಸ್ಟಿನವ್ರಿಗೆ ಫೋನ್ ಮಾಡ್ತೇನಿ. ಜೈಲು ಅದಕ್ಕ," ಎಂದಳು ಮಹಾನಂದಾ.

"ಗಂಡ ಸತ್ತಾಗ ಬಾಯಿ ಬಂದಿದ್ದಿಲ್ಲ, ಹಂದಿಗೆ ಬಂತು ನೋಡು!" ಎಂದಳು ಶೇಖವ್ವ.

ಮಹಾನಂದಾ ಫೋನು ಕೈಯಲ್ಲಿ ಹಿಡಿದೇ ನಿಂತಳು. ಯಾರೂ ಮುಂದೆ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಚೆಂಡು ಬಿಚ್ಚಿತು. ಪ್ರಾಣಿ ಯಾರಿಗೂ ಲಕ್ಷ್ಯ ಕೊಡದೆ, ಬಾಲ ಎಳೆದುಕೊಂಡು, ಗುಡ್ಡದ ಕಲ್ಲುಗಳ ಸಂದಿಗೆ ನಡೆದುಹೋಯಿತು.

ಪಾಂಡಪ್ಪ ಗಂಟಲು ಸರಿಮಾಡಿಕೊಂಡ. "ಪ್ರಾಣಿ ಆದ್ರೂ ಸುಮ್ಮ ಬರೂದಿಲ್ಲ. ಇಷ್ಟು ಸಮಾಧಿ ಬಿಟ್ಟು ಇದಕ್ಕ ಯಾಕ ಬಂತು? ಅಂವನೇ ಕರದಿರಬೇಕು. ತಗೀರಿ."

"ತಗೀರಿ," ಎಂದಳು ಶೇಖವ್ವ.

ಮಲ್ಲು ಮತ್ತೆ ಹಾರೆ ಎತ್ತಿಕೊಂಡ.

ಮಹಾನಂದಾ ಬಗ್ಗಿ, ತೋಡಿದ ಮಣ್ಣನ್ನು ಬೊಗಸೆಯಲ್ಲಿ ತೆಗೆದುಕೊಂಡು ಅತ್ತೆಯ ಮುಖದ ಹತ್ತಿರ ಹಿಡಿದಳು. ಇರುವೆಗಳು ಅವಳ ಮುಂಗೈಗೆ ಹತ್ತಿ ಕಚ್ಚುತ್ತಿದ್ದವು.

"ಕರದಾವ್ರು ಅವರಲ್ಲ, ನೀವು. ಮೂಸಿ ನೋಡ್ರಿ. ನಿಮ್ಮ ಮಾದಲಿ ಇದು. ಇಷ್ಟು ಸಮಾಧಿಯೊಳಗ ಎಲ್ಲಿ ಅದ ಇದು? ಇರಿವಿ ಇದಕ್ಕ ಬಂದಾವು, ಇರಿವಿ ಹಿಂದ ಅದು ಬಂತು. ನಿಮ್ಮ ಮಗನ್ನ ತೋಡಿಸಿದಾವ್ರು ನೀವ."

ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಮೆಲ್ಲಗೆ ಹೇಳಬಹುದಿತ್ತು.

ಶೇಖವ್ವ ಮೂಸಲಿಲ್ಲ. ತನ್ನ ಕೈಯಡುಗೆಯನ್ನು ಗುರುತಿಸಲು ಅವಳಿಗೆ ಮೂಸಬೇಕಾಗಿರಲಿಲ್ಲ. ಸೊಸೆಯನ್ನು ದಿಟ್ಟಿಸಿದಳು. ಮೊದಲಿದ್ದ ಸಿಟ್ಟು ಬಿಸಿಯಾಗಿತ್ತು, ಈ ನೋಟ ತಣ್ಣಗಿತ್ತು. ಆಮೇಲೆ ನೆಲಕ್ಕೆ ಕುಳಿತು ಎರಡೂ ಕೈಯಿಂದ ಮಣ್ಣೆಳೆದು ತೂತು ಮುಚ್ಚತೊಡಗಿದಳು.

"ಯವ್ವಾ, ತಗೀಲೇನ?" ಎಂದ ಮಲ್ಲು.

"ಮುಟ್ಟಿದ್ರ ಕೈ ಮುರೀತೇನಿ."

ಪಾಂಡಪ್ಪ ತಲೆಯ ಪಟಕಾ ಸರಿಮಾಡಿಕೊಂಡು ಯಾರಿಗೂ ಹೇಳದೆ ಊರ ಕಡೆ ತಿರುಗಿದ.

ಅಂದಿನಿಂದ ಅತ್ತೆ ಸೊಸೆಯ ನಡುವೆ ಮಾತಿಲ್ಲ. ಒಂದೇ ಮನೆ, ಒಂದೇ ಒಲೆ. ಬೇಯಿಸಿದ್ದನ್ನು ಒಬ್ಬರು ಇಟ್ಟು ಹೋದರೆ ಇನ್ನೊಬ್ಬರು ಬಂದು ತೆಗೆದುಕೊಳ್ಳುವರು.

ಅಮಾವಾಸ್ಯೆಯ ದಿನ ಶೇಖವ್ವ ಬೆಳಿಗ್ಗೆಯೇ ಮಾದಲಿ ಮಾಡಿದಳು. ತಾಟು ತುಂಬಿ ಸೆರಗು ಮುಚ್ಚಿ ಬಾಗಿಲವರೆಗೆ ಹೋದವಳು ಹೊಸ್ತಿಲಲ್ಲಿ ನಿಂತಳು. ಹಿಂದಿರುಗಿ ಮಗ್ಗದ ಕೋಣೆಗೆ ಬಂದು ತಾಟನ್ನು ಮಹಾನಂದಾಳ ಮುಂದೆ ನೆಲಕ್ಕೆ ಕುಕ್ಕಿದಳು.

"ಅವಂಗ ಕೊಡಬಾರ್ದಂತಿ. ನೀ ತಿನ್ನು. ಎಲ್ಲಾ ತಿನ್ನು."

ಮಹಾನಂದಾ ತಿಂದಳು. ಅತ್ತೆ ಎದುರಿಗೇ ಕುಳಿತು ಅವಳ ಕೈ ಬಾಯಿಗೆ ಹೋಗುವುದನ್ನೇ ನೋಡುತ್ತಿದ್ದಳು. ಗಂಟಲು ಒಣಗಿತು. ಒಣ ಮಾದಲಿ, ಕಲಸಿಕೊಳ್ಳಲು ಹಾಲೂ ಇಲ್ಲ, ತುಪ್ಪವೂ ಇಲ್ಲ. ನೀರು ಕೇಳಲಿಲ್ಲ. ತಾಟು ಖಾಲಿಯಾದ ಮೇಲೆ ಅಂಚಿಗೆ ಅಂಟಿದ್ದನ್ನೂ ಬೆರಳಲ್ಲಿ ಬಳಿದಳು.

"ಬೆಲ್ಲ ಭಾಳ ಆಗೇದ," ಎಂದಳು. "ಅವರು ಇಷ್ಟು ಸಿಹಿ ತಿಂತಿದ್ದಿಲ್ಲ."

ಶೇಖವ್ವ ತಾಟು ಎತ್ತಿಕೊಂಡು ಎದ್ದಳು.

"ನಿನ್ನ ಕೈಲೆ ತಿಂತಿದ್ದಿಲ್ಲ," ಎಂದಳು.