ಬೂದಿಯೊಳಗಿನ ಗಾಜು

ಅಬ್ದುಲಸಮದ ಬಕೀಟಿನ ಹಿಡಿಕೆಗೆ ಕೈ ಹಾಕಿ ಇನ್ನೇನು ಎತ್ತಬೇಕು, ಅಷ್ಟರಲ್ಲಿ ಮಾಶಾಬಿ ಒಳಗಿನಿಂದ ಬಂದು ಅದರ ಮುಚ್ಚಳದ ಮೇಲೆ ಎರಡೂ ಅಂಗೈ ಊರಿಬಿಟ್ಟಳು.

"ಇದನ್ನ ಅಲುಗಾಡಿಸಬ್ಯಾಡ್ರಿ."

"ಭಾಬಿ, ಬೂದಿ ಬಕೀಟ ಐತಿ ಇದು. ಇಲ್ಲಿ ಹಲಗಿ ಹಾಕಬೇಕು, ಅಣ್ಣಗ ಜಳಕಾ ಮಾಡಿಸಬೇಕು. ಜಾಗಾ ಸ್ವಚ್ಛ ಬೇಕಲ್ಲ?"

"ಹಲಗಿ ಆ ಕಡೆ ಹಾಕ್ರಿ. ಸಂಜಿ ಅಸರ್ ನಮಾಜಿನ ಕೂಗ ಆಗೂತನಕಾ ಇದು ಇಲ್ಲೇ ಇರಬೇಕು. ನಿಮ್ಮಣ್ಣ ಹೇಳ್ಯಾರ."

ಅಬ್ದುಲಸಮದ ಕೈ ತೆಗೆದ. ತಿಕೋಟಾದ ಒಣದ್ರಾಕ್ಷಿ ಪೇಟೆಯಲ್ಲಿ ಅವನ ಮಾತಿಗೆ ಎದುರಾಡುವವರು ಕಡಿಮೆ. ಅಣ್ಣ ಕಾಸಿಮಸಾಬನ ಮುಂದೆ ಮಾತ್ರ ಅವನ ಮಾತು ಎಂದೂ ನಡೆದಿರಲಿಲ್ಲ. ಈಗ ಅಣ್ಣ ಪಡಸಾಲೆಯಲ್ಲಿ ಬಿಳಿ ಚಾದರ ಹೊದ್ದು ಮಲಗಿದ್ದರೂ ಅದೇ ಕತೆ.

ಕಾಸಿಮಸಾಬನಿಗೆ ಅರವತ್ತೆಂಟು. ತೊರವಿಯ ಊರಹೊರಗಿನ ಕಾಲೇಜಿನಲ್ಲಿ, ಭೌತಶಾಸ್ತ್ರ ವಿಭಾಗದ ಅಟೆಂಡರ್ ಆಗಿ ಮೂವತ್ತು ವರ್ಷ ದುಡಿದವನು. ನಿವೃತ್ತಿಯಾಗಿ ಎಂಟು ವರ್ಷವಾದರೂ ವಾರಕ್ಕೆ ನಾಲ್ಕು ದಿನ ಅಲ್ಲಿಯೇ ಇರುತ್ತಿದ್ದ. ಅಂದು ಗುರುವಾರ. ಬೆಳಗಿನ ನಮಾಜು ಮುಗಿಸಿ, ಬಸಿಯಲ್ಲಿ ಚಹಾ ಕುಡಿದು, ಬಸಿ ಪಕ್ಕಕ್ಕಿಟ್ಟು ಗೋಡೆಗೆ ಒರಗಿದವನು ಹಾಗೆಯೇ ಹೋಗಿಬಿಟ್ಟಿದ್ದ. ಡಾಕ್ಟರರಿಗೂ ಕೆಲಸ ಕೊಡಲಿಲ್ಲ.

ವಿಜಯಪುರದಿಂದ ಸ್ಕೂಟರಿನಲ್ಲಿ ಬಂದ ವಿಜಯಲಕ್ಷ್ಮೀ ಅವನ ಮುಖ ನೋಡಿ ಬಿಕ್ಕಿಬಿಕ್ಕಿ ಅತ್ತಳು. ಅವಳು ಅದೇ ವಿಭಾಗದ ಪ್ರಾಧ್ಯಾಪಕಿ, ಬಬಲೇಶ್ವರದ ಹುಡುಗಿ. ಹನ್ನೆರಡು ವರ್ಷ ಅವನ ಜೊತೆ ಗಾಜು ಕಾಸುವ ಕುಲುಮೆಯ ಮುಂದೆ ನಿಂತವಳು. ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಅವಳ ನೋಟ ತಾನಾಗಿಯೇ ಹಿತ್ತಲಿನ ಬಕೀಟಿನತ್ತ ಹೋಯಿತು. ಹೋದದ್ದಕ್ಕೆ ಅವಳಿಗೆ ಬಹಳ ನಾಚಿಕೆಯಾಯಿತು. ಮನುಷ್ಯ ಸತ್ತು ಮಲಗಿದ್ದಾನೆ, ತನಗೆ ಗಾಜಿನ ಚಿಂತೆ!

ಆದರೆ ಚಿಂತೆ ಸುಳ್ಳಾಗಿರಲಿಲ್ಲ. ಆ ಬೂದಿಯೊಳಗೆ ಅಂಗೈಯಗಲದ, ಎರಡು ಬೆರಳು ದಪ್ಪದ ಒಂದು ಗಾಜಿನ ಬಿಲ್ಲೆ ಇತ್ತು. ಮಂಗಳವಾರ ಮಧ್ಯಾಹ್ನ ಕಾಸಿಮಸಾಬ ತನ್ನ ಕೈಯಾರೆ ಎರಕ ಹೊಯ್ದದ್ದು. ಎಕ್ಸರೇ ಕೋಣೆಯ ಕಿಟಕಿಗೆ, ಕ್ಯಾನ್ಸರಿಗೆ ಕಿರಣ ಕೊಡುವ ಕೋಣೆಯ ಕಿಟಕಿಗೆ ಸೀಸದ ಗಾಜು ಹಾಕುತ್ತಾರೆ. ಸೀಸ ವಿಷ. ಅದಿಲ್ಲದೆ, ಬಿಸ್ಮತ್ ಎಂಬ ಲೋಹದ ಪುಡಿ ಬೆರೆಸಿ, ಕಿರಣ ತಡೆಯುವ ಗಾಜು ಮಾಡಬೇಕೆಂಬುದು ಅವರಿಬ್ಬರ ಹಟ. ಬಿಲ್ಲೆ ಮುಂಬಯಿಯ ಪ್ರಯೋಗಾಲಯವೊಂದರಲ್ಲಿ ಸೋಮವಾರ ಗಾಮಾ ಕಿರಣದ ಎದುರು ಕೂರಬೇಕಿತ್ತು. ಆ ಒಂದು ದಿನಕ್ಕಾಗಿ ಅವಳು ಒಂದು ವರ್ಷ ಕಾದಿದ್ದಳು. ಇದೇ ಪರೀಕ್ಷೆಗೆಂದು ಮುಂಚೆ ಹೊಯ್ದ ಎರಡು ಬಿಲ್ಲೆಗಳು ಒಡೆದಿದ್ದವು. ಪುಡಿ ಪೂರ್ತಿ ಮುಗಿದಿತ್ತು, ಹೊಯ್ಯುವ ಕೈಯೂ ಈಗ ಇಲ್ಲ.

"ಮೇಡಂ," ಅಬ್ದುಲಸಮದ ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಖರೇ ಹೇಳ್ರಿ. ಅಣ್ಣನ ಮೈಯಾಗ ಆ ಕಿರಣ ಏನರ ಅದಾವೇನ್ರಿ? ಜಳಕಾ ಮಾಡಸವ್ರು ಅಂಜಾಕತ್ತಾರ."

"ಯಾರ ಹೇಳಿದ್ರಿ ಹಂಗ?"

"ಅಣ್ಣನಽ ಹೇಳ್ತಿದ್ದ. ಪ್ಯಾಟ್ಯಾಗ ಕುಂತು, ನಾ ಅಣು ಖಾತೇದಾಗ ಅದೀನಿ, ನನ್ನ ಗಾಜಿನ ಮುಂದ ಅಣುನೂ ನಿಂತ ಹೋಗ್ತೈತಿ ಅಂತಿದ್ದ."

ಅಳುತ್ತಿದ್ದ ವಿಜಯಲಕ್ಷ್ಮೀಗೆ ನಗು ತಡೆಯಲಾಗಲಿಲ್ಲ. "ಕಾಕಾ ಒಂದ ದಿನಾನೂ ಕಿರಣದ ಹತ್ರ ಹೋದವರಲ್ರಿ. ನಾವು ಇಲ್ಲಿ ಬರೇ ಗಾಜ ಕಾಸ್ತೇವಿ. ಕಿರಣ ಇರೂದು ಮುಂಬಯಿದಾಗ. ಅಂಜಬ್ಯಾಡ್ರಿ, ನಿಮ್ಮಷ್ಟ ಸ್ವಚ್ಛ ಅದಾರ ಅವರು."

"ಮತ್ತ ಆ ಬಕೀಟ?"

"ಅದರಾಗ ಇರೂದು ಬರೇ ಶಾಖ. ಅಲುಗಾಡಿ ಬೂದಿ ಸರದ್ರ, ಇಲ್ಲಾ ಒಂದ ಹನಿ ನೀರ ತಾಗಿದ್ರ ಒಳಗಿನ ಗಾಜ ಒಡದ ಹೋಗ್ತೈತಿ."

ಇಬ್ಬರೂ ಒಟ್ಟಿಗೇ ನೆಲ ನೋಡಿದರು. ಹಿತ್ತಲಿನ ಇಳಿಜಾರು ಸೀದಾ ಬಕೀಟಿನ ಮೂಲೆಗೇ ಇತ್ತು. ಆ ಹಳೆಯ ಬಕೀಟಿನ ತಳವೋ, ತೂತು ಬಿದ್ದು ಜರಡಿಯಾಗಿತ್ತು.

* * *

ಗಾಜಿಗೆ ಅವಸರ ಆಗದು. ಕೆಂಡದಂತಹ ಗಾಜನ್ನು ಅಚ್ಚಿಗೆ ಹೊಯ್ದ ಮೇಲೆ ಗಂಟೆಗಟ್ಟಲೆ, ದಿನಗಟ್ಟಲೆ ನಿಧಾನವಾಗಿ ತಣಿಸಬೇಕು. ಮೇಲೆ ತಣ್ಣಗಾಗಿ ಒಳಗೆ ಬಿಸಿ ಉಳಿದರೆ ಟಣ್ ಎಂದು ಸೀಳುತ್ತದೆ. ಅದಕ್ಕೆಂದೇ ಕಾಲೇಜಿನಲ್ಲಿ ಒಂದು ವಿದ್ಯುತ್ ಒಲೆ ಇತ್ತು. ಕರೆಂಟು ಹೋಗದಿದ್ದರೆ ಅದು ಬಹಳ ಒಳ್ಳೆಯ ಒಲೆ.

ಏಳು ವರ್ಷದ ಹಿಂದೆ, ಹನ್ನೊಂದನೆಯ ಬಿಲ್ಲೆ ಸೀಳಿದ ದಿನ ವಿಜಯಲಕ್ಷ್ಮೀ ಕುರ್ಚಿಯಲ್ಲಿ ಕುಸಿದು ಕೂತಿದ್ದಳು. ಮರುದಿನ ಕಾಸಿಮಸಾಬ ಒಂದು ಬಕೀಟು ತುಂಬ ಸಗಣಿ ಕುಳ್ಳಿನ ಬಿಸಿ ಬೂದಿ ತಂದು ಕುಲುಮೆಯ ಪಕ್ಕ ಇಟ್ಟ.

"ಏನ ಕಾಕಾ ಇದು?"

"ಕರೆಂಟ ಹೋಗದ ಒಲಿ ರಿ."

ಬಿಲ್ಲೆಯನ್ನು ಅಚ್ಚಿನ ಸಮೇತ ಬೂದಿಯಲ್ಲಿ ಹೂತು, ಮೇಲೆ ಗೋಣಿಚೀಲ ಸುತ್ತಿದ. ಮೂರನೆಯ ದಿನ ಬಂದು ನೋಡಿದರೆ ಬಕೀಟು ಖಾಲಿ. ಕಾಲೇಜಿನ ಮಾಲಿ ಭಾಗಪ್ಪ, ಗೊಬ್ಬರಕ್ಕೆ ಒಳ್ಳೆಯ ಬೂದಿ ಎಂದು ಗುಲಾಬಿ ಗಿಡಗಳಿಗೆ ಸುರಿದು ನೀರು ಬಿಟ್ಟಿದ್ದ. ಆ ಗಿಡಗಳ ಬುಡದಲ್ಲಿ ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ವಿಜಯಲಕ್ಷ್ಮೀ ತಲೆ ಮೇಲೆ ಕೈ ಹೊತ್ತಳು. ಕಾಸಿಮಸಾಬ ಮಾತ್ರ ಭಾಗಪ್ಪನಿಗೆ ಒಂದು ಬೀಡಿ ಕೊಟ್ಟು, "ತಪ್ಪ ನಂದು. ಬೂದಿ ಇಟ್ಟಲ್ಲಿ ಕಾವಲ ಇಡಬೇಕಿತ್ತು" ಎಂದ. ಅಂದಿನಿಂದ ಬಕೀಟನ್ನು ತನ್ನ ಲೂನಾದ ಮುಂದೆ ಇಟ್ಟುಕೊಂಡು ಮನೆಗೆ ಒಯ್ದು, ಇನ್ನಷ್ಟು ಬಿಸಿ ಬೂದಿ ತುಂಬಿ ಇಡತೊಡಗಿದ. ಕಾಲೇಜಿಗೂ ಅವನ ಮನೆಗೂ ಎರಡೇ ಓಣಿ. ಕಾವಲಿಗೆ ಮನೆಯಲ್ಲಿ ಮಾಶಾಬಿ ಇದ್ದಳು.

* * *

ಜಳಕದ ನೀರು ಕಾಯುವಷ್ಟರಲ್ಲಿ ಕೆಲಸ ಮುಗಿಯಬೇಕಿತ್ತು. ಪಕ್ಕದ ಮನೆಯ ಗುರುಸಿದ್ದವ್ವ ಕೇಳದೆಯೇ ಒಂದು ಬುಟ್ಟಿ ಮಣ್ಣು ತಂದು ಸುರಿದಳು. ಬಕೀಟಿನ ಬೂದಿಗೆ ಕುಳ್ಳು ಎಂದಿನಿಂದಲೂ ಅವಳ ಮನೆಯದೇ.

"ಮೇಡಮಾರ, ಒಡ್ಡ ಹಾಕಿ ರೂಢಿ ಐತೇನ?"

"ಬಬಲೇಶ್ವರದಾಗ ಹೊಲಾ ಮಾಡಿದ ಮನಿತನ ನಮ್ದು ಬೇ," ಎಂದು ವಿಜಯಲಕ್ಷ್ಮೀ ಸೀರೆ ಎತ್ತಿ ಸಿಕ್ಕಿಸಿ ನೆಲಕ್ಕೆ ಕೂತಳು. ಇಬ್ಬರೂ ಬಕೀಟಿನ ಸುತ್ತ ಗೇಣೆತ್ತರದ ಒಡ್ಡು ಕಟ್ಟಿ, ತಟ್ಟಿ, ಗಟ್ಟಿ ಮಾಡಿದರು. ಮಾಶಾಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಆ ಮೂಲ್ಯಾಗ ಇನ್ನೊಂದೀಟ ಹಾಕ್ರಿ" ಎಂದಳು. ಬೆಳಗಿನಿಂದ ಆಕೆ ಆಡಿದ ಮಾತೆಲ್ಲ ಈ ಬಕೀಟಿನದೇ.

ಬಳಿಕ ಗಂಡಸರು ಬಂದು ಹಿತ್ತಲಿಗೆ ಪರದೆ ಕಟ್ಟಿದರು. ಕಾಸಿಮಸಾಬನನ್ನು ಒಳಗೆ ಒಯ್ದರು. ಮಗ ಉಮರ, ಗಾಂಧಿ ಚೌಕದಲ್ಲಿ ಫ್ಯಾನು ಮಿಕ್ಸರ್ ರಿಪೇರಿ ಮಾಡುವವನು, ಅಪ್ಪನ ತಲೆ ಹಿಡಿದ. ಹೆಂಗಸರು ಪರದೆಯ ಈಚೆ ಕೂತರು. ನೀರು ಹೊಯ್ಯುವ ಸದ್ದು ಕೇಳತೊಡಗಿತು. ಒಂದು ತಂಬಿಗೆ, ಮತ್ತೊಂದು ತಂಬಿಗೆ. ನೀರು ಹರಿಯುವುದು ಕೇಳುತ್ತಿತ್ತು, ಎಲ್ಲಿಗೆ ಹರಿಯುತ್ತಿದೆ ಎಂಬುದು ಕಾಣುತ್ತಿರಲಿಲ್ಲ. ವಿಜಯಲಕ್ಷ್ಮೀ ಕಿವಿಯೆಲ್ಲ ಅತ್ತ ನೆಟ್ಟು ಆ ಟಣ್ ಸದ್ದಿಗೆ ಅಂಜುತ್ತ ಕೂತಳು. ಮಾಶಾಬಿ ಅವಳ ಕೈ ಹಿಡಿದುಕೊಂಡಿದ್ದಳು. ಯಾರು ಯಾರಿಗೆ ಸಮಾಧಾನ ಹೇಳುತ್ತಿದ್ದರೋ ತಿಳಿಯಲಿಲ್ಲ.

ಪರದೆ ಸರಿದಾಗ ಉಮರನ ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿತ್ತು. ಒಡ್ಡಿನ ಒಂದು ಬದಿ ಕುಸಿದಿತ್ತು.

"ನೀರ ಒಡ್ಡ ಒಡೀತಮ್ಮಾ," ಎಂದ ಅವನು. "ನಾ ಕಾಲ ಅಡ್ಡ ಇಟ್ಟೇನಿ. ಅಬ್ಬಾನ ತಲಿನೂ ಬಿಡಲಿಲ್ಲ, ಬಕೀಟನೂ ತೊಯ್ಯಾಕ ಬಿಡಲಿಲ್ಲ."

ಮಾಶಾಬಿ ಆಗ ಮೊದಲ ಸಲ ಗಟ್ಟಿಯಾಗಿ ಅತ್ತಳು. ಮಗನ ತೊಯ್ದ ಕಾಲನ್ನು ಸೆರಗಿನಿಂದ ಒರೆಸಿದಳು.

* * *

ಕಿರಣ ತಿಂದ ಗಾಜು ಕಂದಾಗುತ್ತದೆ. ನಾಲ್ಕು ವರ್ಷದ ಹಿಂದೆ ಅವರ ಒಂದು ಸಣ್ಣ ಬಿಲ್ಲೆ ಮೊದಲ ಸಲ ಮುಂಬಯಿಗೆ ಹೋಗಿ ಬಂದಾಗ ಚಹಾದ ಬಣ್ಣಕ್ಕೆ ತಿರುಗಿತ್ತು. ಕಿಟಕಿಯ ಗಾಜು ಹೀಗಾದರೆ ಆಚೆಯ ರೋಗಿ ಕಾಣುವುದು ಹೇಗೆ?

"ಕೆಟ್ಟೋತು ಕಾಕಾ," ಎಂದಿದ್ದಳು ವಿಜಯಲಕ್ಷ್ಮೀ.

"ಕೆಟ್ಟಿಲ್ರಿ. ಅಷ್ಟ ದೂರ ಹೋಗಿ ಪೆಟ್ಟ ತಿಂದ ಬಂದೈತಿ. ಸಿಟ್ಟ ಬಂದಿರ್ತೈತಿ." ಅವನು ಬಿಲ್ಲೆಯನ್ನು ಬಿಸಿ ಒಲೆಯಲ್ಲಿಟ್ಟು ಮಧ್ಯಾಹ್ನದ ಬುತ್ತಿ ಬಿಚ್ಚಿದ. ಊಟ ಮುಗಿಯುವ ಹೊತ್ತಿಗೆ ಕಂದು ಬಣ್ಣ ಇಳಿದು ಗಾಜು ತಿಳಿಯಾಗಿತ್ತು. ಶಾಖ ಕೊಟ್ಟರೆ ಬಣ್ಣ ಹೋಗುವುದು ಅವಳು ಪುಸ್ತಕದಲ್ಲಿ ಓದಿದ ವಿಷಯವೇ. ಆದರೆ ಆ ದಿನ ಅವಳಿಗೆ ಅದು ಹೊಳೆದಿರಲಿಲ್ಲ. ಅವನು ರೊಟ್ಟಿ ಮುರಿಯುತ್ತ, "ಬೆಚ್ಚಗ ಇಟ್ಟರ ಎಲ್ಲಾರ ಸಿಟ್ಟೂ ಇಳೀತೈತಿ ನೋಡ್ರಿ. ನಲವತ್ತ ವರ್ಷ ಸಂಸಾರ ಮಾಡೇನಿ" ಎಂದು ನಕ್ಕಿದ್ದ. ಕಂದಾಗದಂತೆ ಈ ಸಲದ ಎರಕಕ್ಕೆ ಅವಳು ಇನ್ನೊಂದು ಪುಡಿಯನ್ನು ಚಿಟಿಕೆಯಷ್ಟು ಬೆರೆಸಿದ್ದಳು. ಅದು ಫಲ ಕೊಡುತ್ತದೆಯೋ ಇಲ್ಲವೋ ಸೋಮವಾರ ತಿಳಿಯಬೇಕಿತ್ತು.

* * *

ಮಧ್ಯಾಹ್ನದ ಜುಹರ್ ನಮಾಜಿನ ಬಳಿಕ ಜನಾಜಾ ಹೊರಟಿತು. ಓಣಿಯ ಗಂಡಸರೆಲ್ಲ ಸರದಿಯಲ್ಲಿ ಹೆಗಲು ಕೊಟ್ಟರು. ಗುರುಸಿದ್ದವ್ವನ ಗಂಡ ಶಂಕ್ರೆಪ್ಪನೂ ಕೊಟ್ಟ, ಭಾಗಪ್ಪನೂ ಬಂದು ಕೊಟ್ಟ. ಹೆಂಗಸರು ಬಾಗಿಲ ತನಕ ಹೋಗಿ ನಿಂತರು. ಗಂಡನನ್ನು ಕಳೆದುಕೊಂಡವಳ ಕಟ್ಟಳೆಯಂತೆ ಮಾಶಾಬಿ ಹೊಸ್ತಿಲು ದಾಟುವಂತಿರಲಿಲ್ಲ. ಓಣಿಯ ತಿರುವಿನ ತನಕ ನೋಡಿ, ಒಳಗೆ ಬಂದು ಬಕೀಟಿನ ಪಕ್ಕದಲ್ಲಿ ಕೂತಳು. ವಿಜಯಲಕ್ಷ್ಮೀಯೂ ಕೂತಳು.

ಕಡೆಗೆ ವಿಜಯಲಕ್ಷ್ಮೀ ಕೇಳಿದಳು. "ಕಾಕೂ, ಕಾಕಾಗ ಈ ಬೂದಿ ವಿದ್ಯಾ ಎಲ್ಲಿಂದ ಬಂತು? ಎಷ್ಟ ಸಲ ಕೇಳಿದ್ರೂ ಹೇಳಲಿಲ್ಲ."

"ಅವ್ರಿಗೆಲ್ಲಿ ಬರಬೇಕ್ರಿ? ಒಂದ ದಿನ ಮಾರಿ ಸಣ್ಣ ಮಾಡ್ಕೊಂಡ ಬಂದ್ರು. ಗಾಜ ಒಡದೈತಿ, ಮೇಡಂ ಅಳಾಕತ್ತಾರ ಅಂದ್ರು. ನಾ ಒಲ್ಯಾಗ ಗೆಣಸ ಹೂತಿದ್ದೆ. ಒಮ್ಮಿಗೇ ತಂಪ ಮಾಡಿದ್ರ ಯಾವ್ದ ತಡಕೋತೈತಿ? ಬೂದ್ಯಾಗ ಇಡ್ರಿ, ತಾನಽ ತಣೀಲಿ ಅಂದೆ."

"ನೀವು ಹೇಳಿದ್ದಾ ಇದು!"

"ಮೇಡಂಗ ಹೇಳಬ್ಯಾಡ ಅಂದಿದ್ರು." ಮಾಶಾಬಿ ಹನಿಗಣ್ಣಿನಲ್ಲೇ ನಕ್ಕಳು. "ಅವರು ದೊಡ್ಡ ವಿಜ್ಞಾನ ಅಂತ ತಿಳಕೊಂಡಾರ, ಗೆಣಸಿಂದು ಅಂದ್ರ ಬ್ಯಾಸರಾ ಮಾಡ್ಕೋತಾರ ಅಂತ."

ವಿಜಯಲಕ್ಷ್ಮೀಗೆ ಮುಖವೆಲ್ಲ ಬಿಸಿಯಾಯಿತು. ತನ್ನ ಪ್ರಬಂಧದಲ್ಲಿ ಅವಳು 'ನಿಧಾನವಾಗಿ ತಣಿಸಲಾಯಿತು' ಎಂದಷ್ಟೇ ಬರೆದಿದ್ದಳು. ಬೂದಿ ಎಂದು ಬರೆಯಲು ಸಂಕೋಚಪಟ್ಟಿದ್ದಳು. ಓದಿದವರು ನಗುತ್ತಾರೆಂಬ ಅಂಜಿಕೆ. ಬೇರೆ ಊರಿನವರು ಪತ್ರ ಬರೆದು, ನಿಮ್ಮ ಗಾಜು ನಮ್ಮಲ್ಲಿ ಒಡೆಯುತ್ತದೆ, ಹೇಗೆ ತಣಿಸಿದಿರಿ ಎಂದು ಕೇಳಿದಾಗಲೂ ಜಾರಿಕೊಂಡಿದ್ದಳು.

"ಈ ಸಲ ಬರೀತೇನಿ ಕಾಕೂ. ಕುಳ್ಳಿನ ಬೂದಿ ಅಂತ ಬರೀತೇನಿ. ಇಬ್ಬರ ಹೆಸರೂ ಬರೀತೇನಿ."

"ಮೊದಲ ಅದು ನೆಟ್ಟಗ ಬರಲಿ," ಎಂದಳು ಮಾಶಾಬಿ. "ಒಡದಿತ್ತಂದ್ರ ಅವರ ಹೆಸರ ಯಾಕ ಕೆಡಸ್ತೀರಿ?"

ಗಂಡಸರು ಮರಳಿ ಬಂದಾಗ ಅಸರ್ ಕೂಗು ಕೇಳುತ್ತಿತ್ತು. ಉಮರನ ಕೈಗೆ ಇನ್ನೂ ಮಣ್ಣು ಮೆತ್ತಿತ್ತು. "ಎಲ್ಲಾ ಸರಳ ಆತಮ್ಮಾ," ಎಂದ. "ಒಬ್ಬೊಬ್ರೂ ಮೂರ ಮೂರ ಬೊಗಸಿ ಮಣ್ಣ ಹಾಕಿದ್ರು. ಭಾಗಪ್ಪ ಕಾಕಾ ಗುಲಾಬಿ ತಂದಿದ್ದ."

ಸಾವಾದ ಮನೆಯಲ್ಲಿ ಮೂರು ದಿನ ಅಡುಗೆಗೆ ಒಲೆ ಹಚ್ಚುವುದಿಲ್ಲ. ಗುರುಸಿದ್ದವ್ವ ರೊಟ್ಟಿ, ಪಲ್ಯದ ಬುಟ್ಟಿ ತಂದು ಇಳಿಸಿದಳು. ಯಾರೂ ಅದರತ್ತ ಹೋಗಲಿಲ್ಲ. ಅಬ್ದುಲಸಮದನೂ ಸೇರಿ ಎಲ್ಲರೂ ಬಕೀಟಿನ ಸುತ್ತ ನಿಂತರು.

ಮಾಶಾಬಿ ಗೋಣಿಚೀಲ ಬಿಚ್ಚಿದಳು, ಮುಚ್ಚಳ ತೆಗೆದಳು. ರೊಟ್ಟಿಯ ಹಂಚು ಕಾದಿದೆಯೇ ಎಂದು ನೋಡುವವಳಂತೆ ಬೂದಿಯ ಮೇಲೆ ಅಂಗೈ ಹಿಡಿದಳು. ಒಂದು ಬೊಗಸೆ ಬೂದಿ ತೆಗೆದು ನೆಲಕ್ಕೆ ಹಾಕಿದಳು. ಇನ್ನೊಂದು ಬೊಗಸೆ. ಮತ್ತೊಂದು. ಆಮೇಲೆ ಮೊಣಕೈವರೆಗೆ ಕೈ ಇಳಿಸಿ, ಅಚ್ಚಿನ ಜೋಡು ಬಿಡಿಸಿ, ಬಿಲ್ಲೆಯನ್ನು ಮೇಲೆತ್ತಿದಳು. ಸೆರಗಿನಿಂದ ಬೂದಿ ಒರೆಸಿ ಬಿಸಿಲಿಗೆ ಹಿಡಿದಳು. ತುಸು ಹಳದಿ ಬಣ್ಣದ, ತಿಳಿಯಾದ ಗಾಜು. ಒಂದು ಗೆರೆ ಇಲ್ಲ, ಒಂದು ಸೀಳಿಲ್ಲ. ಅದರ ಮೂಲಕ ಉಮರನ ಮಣ್ಣು ಮೆತ್ತಿದ ಕೈ ನಿಚ್ಚಳವಾಗಿ ಕಾಣುತ್ತಿತ್ತು.

"ಅಲ್ಲಾ," ಎಂದ ಅಬ್ದುಲಸಮದ.

ವಿಜಯಲಕ್ಷ್ಮೀ ತಡೆಯಲಾರದೆ ಎರಡೂ ಕೈ ಚಾಚಿದಳು. ಮಾಶಾಬಿ ಕೊಡಲಿಲ್ಲ.

"ಇನ್ನೂ ಬೆಚ್ಚಗ ಐತಿ," ಎಂದಳು. "ಅವರು ಮಂಗಳವಾರ ಇಟ್ಟದ್ದು ಇನ್ನೂ ಬೆಚ್ಚಗ ಐತ್ರಿ."

ವಿಜಯಲಕ್ಷ್ಮೀ ಕೈ ಹಿಂದಕ್ಕೆಳೆದುಕೊಂಡು ಪಕ್ಕದಲ್ಲಿ ಕೂತಳು. ಮಾಶಾಬಿ ಬಿಲ್ಲೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಬೂದಿ ಮೆತ್ತಿದ ಎರಡೂ ಅಂಗೈ ಅದರ ಮೇಲೆ ಊರಿ, ಅದು ಪೂರ್ತಿ ತಣಿಯುವ ತನಕ ಹಾಗೆಯೇ ಕೂತಿದ್ದಳು.